ಕೈ ಬಿಡದ ಗಂಗವ್ವ

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಮಾಸ್ತರ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಇಡೀ ಕಥೆ ಹೇಳಿದ ಮೇಲೆ ಹೇಳಿದರೆ ನೀವು ನಂಬಲಿಕ್ಕಿಲ್ಲ, ಅಥವಾ ನನ್ನ ಸಾಲಿಯ ಮಕ್ಕಳ ಬಗ್ಗೆ ಮರುಗೀರಿ.

ನಮ್ಮ ಕೊಪ್ಪಳದಲ್ಲಿ ಯಾರ ಮನೆಗೆ ಹೋಗಿ ನೀರು ಕೇಳಿದರೂ ಒಂದು ಮರುಪ್ರಶ್ನೆ ಬರುತ್ತದೆ: "ಕುಡ್ಯಾಕೋ, ಬಳಸಾಕೋ?" ಇಲ್ಲಿ ನೀರು ಒಂದೇ ಅಲ್ಲ. ಕುಡಿಯುವ ನೀರು ಶುದ್ಧ ನೀರಿನ ಘಟಕದಿಂದ ಕ್ಯಾನಿನಲ್ಲಿ ಬಂದು ಅಡುಗೆಮನೆಯಲ್ಲಿ ಎತ್ತರದ ಜಾಗ ಹಿಡಿಯುತ್ತದೆ. ಬಳಸುವ ನೀರು ಬೋರಿನಿಂದ ಬಂದು ಹಿತ್ತಲಲ್ಲೇ ಉಳಿಯುತ್ತದೆ. ಗಂಗಾವತಿ ಕಡೆಯ ನಂಟರು ಕಾಲುವೆ ನೀರು ಕುಡಿದು ಬೆಳೆದವರು, ಬಿಳಿ ಹಲ್ಲು ತೋರಿಸಿ ಧಾರಾಳವಾಗಿ ನಗುತ್ತಾರೆ. ಯಲಬುರ್ಗಾ, ಕುಷ್ಟಗಿ ಕಡೆಯ ನಾವು ಬೋರಿನ ನೀರಿನವರು, ಹಲ್ಲಿನ ಮೇಲೆ ಕಂದು ಗೆರೆ ಎಳೆಸಿಕೊಂಡವರು, ಫೋಟೊ ತೆಗೆಯುವಾಗ ತುಟಿ ಮುಚ್ಚಿಕೊಳ್ಳುತ್ತೇವೆ. ನನ್ನ ಮದುವೆಯ ಆಲ್ಬಮ್ಮಿನಲ್ಲಿ ನಾನು ಯಾರದೋ ಮೇಲೆ ಸಿಟ್ಟಾದವನ ಹಾಗೆ ಕಾಣುತ್ತೇನೆ. ಅದು ಸಿಟ್ಟಲ್ಲ, ಫ್ಲೋರೈಡು.

ಅದೇ ನೀರು ನಮ್ಮ ಅವ್ವನ ಮೊಣಕಾಲಿಗೆ ಇಳಿದಿದೆ. ಡಾಕ್ಟರು ಆಕೆಗೆ ಮನೆಯೊಳಗೂ ರಬ್ಬರಿನ ಚಪ್ಪಲಿ ಹಾಕಿಕೊಳ್ಳಲು ಹೇಳಿದರು. ಅವ್ವ ಒಲ್ಲದ ಮನಸ್ಸಿನಿಂದ ಹಾಕಿಕೊಂಡಳು, ಆದರೆ ಎರಡು ಕಡೆ ಮಾತ್ರ ಬಿಟ್ಟೇ ಹೋಗುತ್ತಿದ್ದಳು. ಒಂದು ದೇವರ ಮಾಡ. ಇನ್ನೊಂದು ಹಿತ್ತಲಲ್ಲಿ ಬೋರಿನ ಪಕ್ಕದ ನಳ. ಬೋರು ಚಾಲೂ ಮಾಡಿದಾಗ ಆ ನಳದಲ್ಲಿ ನೀರು ನೇರವಾಗಿ ಬರುತ್ತದೆ. ಹೊತ್ತು ಮೂಡುವಾಗ ಮೋಟಾರು ಹಾಕಿಸಿ, ಚಪ್ಪಲಿ ದೂರ ಬಿಟ್ಟು, ಹಸಿ ಕಲ್ಲಿನ ಮೇಲೆ ಬರಿಗಾಲಲ್ಲಿ ನಿಂತು, ಹಿತ್ತಾಳೆಯ ನಳಕ್ಕೆ ಅರಿಷಿಣ-ಕುಂಕುಮ ಹಚ್ಚಿ, ಅದನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡ ಮೇಲೆಯೇ ಆಕೆಯ ದಿನ ಶುರು. ನಂತರ ಪಕ್ಕದ ತುಳಸಿಕಟ್ಟೆಗೆ ಎರಡು ತಂಬಿಗೆ ನೀರು. ಆ ಬೋರಿನ ನೀರಿಗೆ ಅವ್ವ ಗಂಗವ್ವ ಎನ್ನುತ್ತಿದ್ದಳು.

ಒಂದು ದಿನ ಅವ್ವ ಒಳಗೆ ಬಂದು ಚಹಾ ಕುಡಿಯುತ್ತ, ಪಕ್ಕದ ಮನೆಯವರ ಸುದ್ದಿ ಹೇಳುವಷ್ಟೇ ಸಹಜವಾಗಿ ಹೇಳಿದಳು: "ಇವತ್ತು ಗಂಗವ್ವ ನನ್ನ ಮಾತಾಡಿಸಿದ್ಳು."

"ಏನಂದ್ಳು?" ಎಂದೆ, ಪೇಪರಿನಿಂದ ತಲೆ ಎತ್ತದೆ.

"ಏನೂ ಅನ್ಲಿಲ್ಲ. ಜುಂ ಅಂದ್ಳು."

ನಾನು ಎದ್ದುಹೋಗಿ ನಳ ಮುಟ್ಟಿ ನೋಡಿದೆ. ಏನೂ ಇಲ್ಲ. ತಣ್ಣಗೆ, ತೆಪ್ಪಗೆ ಇತ್ತು. ನನ್ನ ಹೆಂಡತಿ ಶಾಂತಾ ಮುಟ್ಟಿದಳು. ಆಕೆಗೂ ಏನೂ ಆಗಲಿಲ್ಲ. ಅವ್ವನಿಗೆ ಸಕ್ಕರೆ ಇದೆ, ನರ ಸೋತಿರಬೇಕು, ಕೈ ಜೋಮು ಹಿಡಿಯುತ್ತಿರಬೇಕು ಎಂದು ತೀರ್ಮಾನಿಸಿ ಪೇಪರಿಗೆ ಮರಳಿದೆ. ತೀರ್ಮಾನಗಳು ನನಗೆ ಬೇಗ ಬರುತ್ತವೆ.

ಆದರೆ ಗಂಗವ್ವ ಮಾತು ನಿಲ್ಲಿಸಲಿಲ್ಲ. ಕೆಲವು ದಿನ ಮೆಲ್ಲಗೆ, ಕೆಲವು ದಿನ ಮೊಣಕೈವರೆಗೆ. ಅವ್ವನೂ ಅವಳೊಂದಿಗೆ ಮಾತಾಡತೊಡಗಿದಳು. ಅಡುಗೆಮನೆಯ ಕಿಟಕಿಯಿಂದ ಕೇಳಿಸುತ್ತಿತ್ತು: ಕುಷ್ಟಗಿಯಲ್ಲಿರುವ ನನ್ನ ತಂಗಿಯ ಮನೆಯ ಸುದ್ದಿ, ಮೊಣಕಾಲಿನ ನೋವು, ಸತ್ತುಹೋದ ನಮ್ಮ ಅಪ್ಪನ ಮೇಲಿನ ಒಂದೆರಡು ಹಳೆಯ ದೂರು. ಹೇಳಿ, ನಳ ಮುಟ್ಟಿ, ಸ್ವಲ್ಪ ಹೊತ್ತು ಸುಮ್ಮನೆ ನಿಂತು, ಆಮೇಲೆ "ಹೌದು ಹೌದು" ಎನ್ನುತ್ತಿದ್ದಳು. ಆ ಸುಮ್ಮನಿರುವ ಹೊತ್ತು ನನಗೆ ಹಿಡಿಸುತ್ತಿರಲಿಲ್ಲ.

ಪಕ್ಕದ ಮನೆಯ ಬಸಕ್ಕ ಒಮ್ಮೆ ಕೊಡ ಹಿಡಿದು ಬಂದಳು. ಅವ್ವನನ್ನು ನೋಡಿ ತಾನೂ ಚಪ್ಪಲಿ ಬಿಟ್ಟು ನಳ ಮುಟ್ಟಿದಳು. ಮುಟ್ಟಿದವಳೇ ಕೈ ಎಳೆದುಕೊಂಡು, ಕೈಮುಗಿದು, "ಹೌದ್ರಿ ಯವ್ವಾ, ನನಗೂ ಜುಂ ಅಂತು" ಎಂದಳು. ಮಾರನೆಯ ದಿನ ಆಕೆಯ ನಾದಿನಿ ಬಂದಳು, ಆಕೆಗೂ ಆಯಿತು. ನಾನು ಮತ್ತೆ ಹೋಗಿ ಮುಟ್ಟಿದೆ, ಮತ್ತೆ ಏನೂ ಇಲ್ಲ. "ನಿಮಗ ಆಗಂಗಿಲ್ಲ ಬಿಡ್ರಿ ಮಾಸ್ತರ್ರ, ನಂಬಿದವರಿಗಷ್ಟ" ಎಂದು ಬಸಕ್ಕ ಸಮಾಧಾನ ಮಾಡಿದಳು. ಒಬ್ಬರನ್ನು ನೋಡಿ ಇನ್ನೊಬ್ಬರಿಗೆ ಹೀಗೆ ಅನಿಸುವುದಕ್ಕೆ ಮನಶ್ಶಾಸ್ತ್ರದಲ್ಲಿ ವಿವರಣೆ ಇದೆ ಎಂದು ನಾನು ಹಿತ್ತಲಲ್ಲೇ ನಿಂತು ಐದು ನಿಮಿಷ ವಿವರಿಸಿದೆ. ನಂಬುವವರೆಲ್ಲ ಬರಿಗಾಲಲ್ಲಿ ಮುಟ್ಟುತ್ತಾರೆ, ನಂಬದವನು ರಬ್ಬರ್ ಚಪ್ಪಲಿ ಹಾಕಿಕೊಂಡು ಮುಟ್ಟುತ್ತಾನೆ ಎಂಬ ಸಣ್ಣ ಸಂಗತಿ ನನ್ನ ಮನಶ್ಶಾಸ್ತ್ರಕ್ಕೆ ಹೊಳೆಯಲಿಲ್ಲ.

ನೀರಿನ ಬಗ್ಗೆ ನಾನು ನಿರ್ಲಕ್ಷ್ಯ ಮಾಡಿದ್ದೆ ಎಂದು ಮಾತ್ರ ಅನ್ನಬೇಡಿ. ಬಾಟಲಿಯಲ್ಲಿ ತುಂಬಿ ಪರೀಕ್ಷೆಗೆ ಕಳಿಸಿದ್ದೆ. ಅದರಲ್ಲಿ ಕರಗಿದ್ದೆಲ್ಲದರ ಪಟ್ಟಿ ಬಂತು, ಫ್ಲೋರೈಡಿನ ಎದುರು ಕೆಂಪು ಗೆರೆ ಇತ್ತು. ಅದೇ ವಾರ ನೀರು ಶುದ್ಧ ಮಾಡುವ ಯಂತ್ರ ಮಾರುವವನೊಬ್ಬ ಬಂದ. ಬೋರಿನ ನೀರಿನ ಗ್ಲಾಸಿಗೆ ಎರಡು ಕಡ್ಡಿ ಇಳಿಸಿ ಪ್ಲಗ್ ಹಾಕಿದ. ನಾವು ನೋಡುತ್ತಿದ್ದಂತೆ ನೀರು ಹಳದಿಯಾಗಿ, ಕಂದಾಗಿ, ಕೆಸರಿನಂತೆ ಕುದಿಯತೊಡಗಿತು. "ನೋಡ್ರಿ, ಇದನ್ನ ಕುಡೀತೀರಿ ನೀವು" ಎಂದ. ಅವ್ವ ಮುಖ ತಿರುಗಿಸಿ, "ಆಕಿ ಮೈಯಾಗ ಏನ್ ಚುಚ್ಚಿದೆಪಾ, ತೆಗಿ ಮದ್ಲ" ಎಂದಳು. ನನಗೆ ಒಳ್ಳೆಯ ಅವಕಾಶ ಸಿಕ್ಕಿತು. ಕರಗಿದ್ದು ಕಬ್ಬಿಣದ ಕಡ್ಡಿ, ಬಣ್ಣ ಅದರದು, ಲವಣ ಇರುವ ನೀರಿನಲ್ಲಿ ಕರೆಂಟು ಸರಾಗ ಹರಿಯುತ್ತದೆ ಎಂದು ಪಾಠ ಮಾಡಿ ಅವನನ್ನು ಓಡಿಸಿದೆ. ನೀರಿನಲ್ಲಿ ಕರೆಂಟು ಹರಿಯುವುದರ ಬಗ್ಗೆ ಆ ದಿನ ಕೊಪ್ಪಳದಲ್ಲಿ ನನ್ನಷ್ಟು ಚೆನ್ನಾಗಿ ಮಾತಾಡಿದವರು ಯಾರೂ ಇರಲಿಕ್ಕಿಲ್ಲ.

ಅವ್ವ ಇನ್ನೊಂದು ಮಾತು ಹೇಳುತ್ತಿದ್ದಳು: ತುಳಸಿಗೆ ನೀರು ಹಾಕಿದ ಮೇಲೆ ಗಂಗವ್ವ ಶಾಂತಳಾಗುತ್ತಾಳೆ. ಅಕ್ಕತಂಗಿಯರಿರಬೇಕು ಎಂದು ನಾನು ನಕ್ಕಿದ್ದೆ.

ಇಟಗಿಯ ಗುಡಿಯ ಪುಷ್ಕರಣಿಯನ್ನು ನೋಡಿದಾಗಲೆಲ್ಲ ನನಗೆ ಒಂದು ವಿಚಾರ ಬರುತ್ತದೆ. ಆಗಿನವರು ನೀರಿನ ಹತ್ತಿರ ತಾವೇ ಇಳಿದು ಹೋಗುತ್ತಿದ್ದರು, ಒಂದೊಂದೇ ಮೆಟ್ಟಿಲು. ಆಳ ಎಷ್ಟು, ಪಾಚಿ ಎಲ್ಲಿ, ಹಾವು ಇದೆಯೋ ಎಂದು ನೋಡಿಕೊಂಡೇ ಕೈ ಹಾಕುತ್ತಿದ್ದರು. ನಾವು ಕೂತಲ್ಲೇ ಗುಂಡಿ ಒತ್ತುತ್ತೇವೆ. ಎಷ್ಟೋ ಕಾಲದಿಂದ ಬಿಸಿಲನ್ನೇ ಕಾಣದ, ಬಂಡೆಯ ಕತ್ತಲಲ್ಲಿ ಕೂತಿದ್ದ ನೀರು ಕಬ್ಬಿಣದ ಪೈಪಿನಲ್ಲಿ ಮೇಲೆ ಬರುತ್ತದೆ. ಬರುವಾಗ ಅದು ಜೊತೆಗೆ ಏನು ಕರೆತಂದಿತು ಎಂದು ನಾವು ನೋಡಲು ಹೋಗುವುದಿಲ್ಲ.

ಬೇಸಿಗೆಯಲ್ಲಿ ಅವ್ವ ಒಂದು ವಾರ ತಂಗಿಯ ಮನೆಗೆ ಕುಷ್ಟಗಿಗೆ ಹೋದಳು. ನಾನು ಮೌಲ್ಯಮಾಪನದ ಕೆಲಸದಲ್ಲಿ, ಶಾಂತಾ ತನ್ನ ಆಫೀಸಿನಲ್ಲಿ. ತುಳಸಿ ಇದೆ ಎಂಬುದೇ ಇಬ್ಬರಿಗೂ ನೆನಪಿರಲಿಲ್ಲ. ಅವ್ವ ತಿರುಗಿ ಬಂದ ಮರುದಿನ ಮುಂಜಾನೆ ಎಂದಿನಂತೆ ಮೋಟಾರು ಹಾಕಿಸಿ ಹಿತ್ತಲಿಗೆ ಹೋದಳು. ನಾನು ಚಹಾದ ಮುಂದೆ ಕೂತಿದ್ದೆ.

ಹಿತ್ತಲಿಂದ ಅವ್ವನ ದನಿ ಬಂತು, ಗಾಬರಿ ಏನೂ ಇರಲಿಲ್ಲ: "ತಮ್ಮಾ, ಗಂಗವ್ವ ಕೈ ಬಿಡವಲ್ಲಳು."

ಎಂಥ ಮಾತು ನೋಡಿ. ನಮ್ಮ ಕನ್ನಡದಲ್ಲಿ ದೇವರು ಕೈ ಬಿಡುವುದಿಲ್ಲ ಎಂದರೆ ಇದಕ್ಕಿಂತ ಭಾಗ್ಯ ಬೇಕೇ? ನಾನು ಕೂತಲ್ಲಿಂದಲೇ ನಗುತ್ತ, "ಛಲೋನ ಆತಲ್ಲವ್ವ, ಕೈ ಬಿಡದಿರ್ಲಿ" ಎಂದೆ.

ಸ್ವಲ್ಪ ಹೊತ್ತು ಬಿಟ್ಟು ಅದೇ ಮಾತು ಮತ್ತೊಮ್ಮೆ ಬಂತು. ಈ ಸಲ ಅಕ್ಷರಗಳು ಒಂದೊಂದಾಗಿ ಬಂದವು, ಹಲ್ಲಿನ ನಡುವಿನಿಂದ. "ಕೈ... ಬಿಡ... ವಲ್ಲಳು."

ನಾನು ಇನ್ನೂ ಕಪ್ಪು ಕೆಳಗಿಡುತ್ತಿದ್ದೆ. ಶಾಂತಾ ಕಲಾ ವಿಭಾಗದಲ್ಲಿ ಓದಿದವಳು. ಆಕೆ ರೊಟ್ಟಿ ತಟ್ಟುತ್ತಿದ್ದ ಹಿಟ್ಟಿನ ಕೈಯಲ್ಲೇ ಓಡಿ ಹಿತ್ತಲ ಬಾಗಿಲ ಬಳಿಯ ಮೋಟಾರಿನ ಸ್ವಿಚ್ಚು ಬಡಿದು ಆರಿಸಿದಳು. ನಾನು ಹೊರಗೆ ಬರುವಷ್ಟರಲ್ಲಿ ಅವ್ವ ಹಸಿ ಕಲ್ಲಿನ ಮೇಲೆ ಕುಸಿದು ಕೂತಿದ್ದಳು. ಬಲಗೈ ಇನ್ನೂ ನಳ ಹಿಡಿದ ಆಕಾರದಲ್ಲೇ ಬಾಗಿತ್ತು. ಅದನ್ನು ನನ್ನ ಎರಡೂ ಕೈಯಲ್ಲಿ ಹಿಡಿದುಕೊಂಡು ಬೆರಳು ಒಂದೊಂದೇ ಬಿಡಿಸಿದೆ. ನಾನು ಅಷ್ಟು ಹೆದರಿದ್ದು ಮತ್ತೆಂದೂ ನೆನಪಿಲ್ಲ. ಡಾಕ್ಟರು ಎದೆಯ ಬಡಿತ ನೋಡಿ, ಒಂದು ದಿನ ಮಲಗಿಸಿಕೊಂಡು, ದೇವರು ದೊಡ್ಡವನು ಎಂದು ಹೇಳಿ ಕಳಿಸಿದರು.

ವೈರಿಂಗ್ ಕೆಲಸದ ಮೌಲಾಸಾಬ್ ಬಂದು ಅರ್ಧ ತಾಸಿನಲ್ಲಿ ಗಂಗವ್ವನನ್ನು ಪತ್ತೆ ಹಚ್ಚಿದ. ಬೋರಿನ ಬಾಯಿಯಲ್ಲಿ ಮೋಟಾರಿನ ಕೇಬಲ್ಲು ಕಬ್ಬಿಣದ ಪೈಪಿಗೆ ತಿಕ್ಕಿ ತಿಕ್ಕಿ ಸಿಪ್ಪೆ ಸುಲಿದಿತ್ತು. ಈ ಮನೆಯ ಹಳೆಯ ಮಾಲೀಕ ಅರ್ಥಿಂಗಿನ ಸರಳನ್ನು ತುಳಸಿಕಟ್ಟೆಯ ಮಗ್ಗುಲಲ್ಲಿ ಹೂತಿದ್ದ. ಮೌಲಾಸಾಬ್ ಅಲ್ಲಿಯ ಬಿರುಕು ಬಿಟ್ಟ ಮಣ್ಣನ್ನು ಕೆದರಿ ನೋಡಿ, "ಇಲ್ಲಿ ತ್ಯಾವ ಇದ್ದರ ಕರೆಂಟ್ ನೆಲಕ್ಕ ಇಳೀತೈತ್ರಿ. ಅವ್ವಾರು ದಿನಾ ತುಳಸಿಗೆ ನೀರು ಹಾಕಿದ್ದಕ್ಕ ಇಷ್ಟು ದಿನ ಉಳದಾರ. ಈ ವಾರ ಯಾರೂ ಹಾಕಿಲ್ಲೇನ್ರಿ ಸರ್?" ಎಂದು ಕೇಳಿದ.

ಯಾರೂ ಹಾಕಿಲ್ಲ ಎಂದೆ. ನನಗೆ ನನ್ನ ಮೇಲೆಯೇ ಹೇಸಿಕೆಯಾಯಿತು. ಆಕೆಯ ಪೂಜೆ ಆಕೆಯನ್ನು ಅಪಾಯದ ಬಾಯಿಗೆ ಒಯ್ದದ್ದೂ ನಿಜ, ಆಕೆಯ ಪೂಜೆಯೇ ಕಾಪಾಡಿದ್ದೂ ನಿಜ. ನನ್ನ ವಿಜ್ಞಾನ ಮಾತ್ರ ಚಹಾ ಕುಡಿಯುತ್ತಿತ್ತು.

ಹೊಸ ಕೇಬಲ್ಲು, ಹೊಸ ಅರ್ಥಿಂಗು, ಸೋರಿಕೆಯಾದರೆ ತಾನೇ ಬೀಳುವ ಸ್ವಿಚ್ಚು, ಎಲ್ಲ ಆಯಿತು. ಸಂಜೆ ಅವ್ವನ ಪಕ್ಕದಲ್ಲಿ ಕೂತು ಎಲ್ಲವನ್ನೂ ಬಿಡಿಸಿ ಹೇಳಿದೆ. ಚಿತ್ರ ಕೂಡ ಬರೆದು ತೋರಿಸಿದೆ. ಆಕೆ ಜಾಣೆ, ತಿಳಿಯಿತು. ಚಿತ್ರದೊಳಗಿನ ನಳದ ಮೇಲೆ ಬೆರಳಿಟ್ಟು ಕೇಳಿದಳು: "ಹಂಗಾರ ಇಷ್ಟು ದಿನ ನಾ ಯಾರ ಕೂಡ ಮಾತಾಡಿದ್ನೋ ತಮ್ಮಾ?"

ನಾನು ಆ ಚಿತ್ರವನ್ನು ಮಡಚಿ ಜೇಬಿಗಿಟ್ಟುಕೊಂಡೆ.

ಈಗ ನಮ್ಮ ಮನೆಯಲ್ಲಿ ಹೊಸ ಪದ್ಧತಿ ಬಂದಿದೆ. ಮುಂಜಾನೆ ಮೋಟಾರು ಚಾಲೂ ಆದ ಕೂಡಲೇ ಮೊದಲು ನಾನು ಹೋಗಿ, ಮೌಲಾಸಾಬ್ ಕಲಿಸಿದಂತೆ, ಟೆಸ್ಟರಿನ ತುದಿಯನ್ನು ನಳಕ್ಕೆ ತಾಗಿಸುತ್ತೇನೆ. ಒಳಗಿನ ಪುಟ್ಟ ದೀಪ ಹತ್ತಬಾರದು. ಅವ್ವ ನನ್ನ ಹಿಂದೆ, ಚಪ್ಪಲಿ ಹಾಕಿಕೊಂಡೇ, ಕುಂಕುಮದ ಬಟ್ಟಲು ಹಿಡಿದು ಕಾಯುತ್ತಾಳೆ. ದೀಪ ಹತ್ತದಿರಲಿ ಎಂದು ದೇವರ ಮುಂದೆ ಕೈಮುಗಿದು ನಿಲ್ಲುವ ಮನೆ ಬಹುಶಃ ನಮ್ಮದೊಂದೇ.

ಮೊನ್ನೆ ನಾನು ಟೆಸ್ಟರನ್ನು ಕೊಂಚ ಹೆಚ್ಚು ಹೊತ್ತು ಹಿಡಿದಿದ್ದೆನೇನೋ, ಹಿಂದಿನಿಂದ ಅವ್ವ ಮೆಲ್ಲಗೆ ಕೇಳಿದಳು.

"ಸುಮ್ಮನ ಅದಾಳೇನೋ?"

"ಸುಮ್ಮನ ಅದಾಳವ್ವ" ಎಂದೆ.

ಅದಾಳ ಅಲ್ಲ, ಐತಿ ಎನ್ನಬೇಕಿತ್ತು, ನಳ ಅಲ್ಲವೇ ಅದು. ಸಾಲಿಗೆ ಹೋಗುವ ದಾರಿಯುದ್ದಕ್ಕೂ ಅದನ್ನು ತಿದ್ದಿಕೊಳ್ಳಲು ನೋಡಿದೆ, ನಾಲಗೆ ಒಪ್ಪಲಿಲ್ಲ.