ಸೆಪ್ಟೆಂಬರಿಗಾಗಿ ಕಾದ ಮೂರು ವರ್ಷ

ನನ್ನ ಅತ್ತೆಯ ಎಡಗಾಲಿನಲ್ಲಿ ನಾಲ್ಕೇ ಬೆರಳುಗಳಿವೆ. ಕಿರುಬೆರಳು ಹೋದದ್ದು ನನ್ನಿಂದ.

ಹೀಗೆ ಬರೆದರೆ ಪೂರ್ತಿ ನಿಜವಾಗುವುದಿಲ್ಲ, ಗೊತ್ತು. ಚುಚ್ಚಿದ್ದು ಜಾಲಿಯ ಮುಳ್ಳು. ಗಾಯ ಮಾಯದೆ ಉಳಿದದ್ದು ಸಕ್ಕರೆ ಕಾಯಿಲೆಯಿಂದ. ಕತ್ತರಿಸಿದವರು ಡಾಕ್ಟರು. ಆದರೆ ಆ ಕಾಲು ಬರಿಗಾಲಾಗಿತ್ತಲ್ಲ — ಅದು ನನ್ನಿಂದ. ಸೊಸೆಗೆ ಮಕ್ಕಳಾಗಲಿಲ್ಲವೆಂದು ಅವರು ಹರಕೆ ಹೊತ್ತು ಕಾಲಿಗೆ ಕಾಲ್ಮರಿ ಮೆಟ್ಟುವುದನ್ನೇ ಬಿಟ್ಟಿದ್ದರು. ಮಕ್ಕಳಾಗದಿರಲೆಂದು ಸೊಸೆ ದಿನಕ್ಕೊಂದು ಗುಳಿಗೆ ನುಂಗುತ್ತಿದ್ದಳು. ಎರಡೂ ಒಂದೇ ಮನೆಯಲ್ಲಿ, ಒಂದೇ ಕಾಲಕ್ಕೆ ನಡೆದವು.

ನಾನು ಪ್ರಾಥಮಿಕ ಶಾಲೆಯ ಶಿಕ್ಷಕಿ. ತೊಂಬತ್ನಾಲ್ಕರ ಮೇ ತಿಂಗಳಲ್ಲಿ ಮದುವೆಯಾಗಿ ಬೈಲಹೊಂಗಲಕ್ಕೆ ಬಂದೆ. ಗಂಡ ಈರಣ್ಣ ಹತ್ತಿಯ ಗಿರಣಿಯೊಂದರಲ್ಲಿ ಗುಮಾಸ್ತ. ಮನೆಯಲ್ಲಿ ಅತ್ತೆ ನೀಲವ್ವ, ಆಗಿನ್ನೂ ಹೈಸ್ಕೂಲಿಗೆ ಹೋಗುತ್ತಿದ್ದ ನಾದಿನಿ ಗೌರಿ. ನಾನು ದಿನಾ ಬಸ್ಸಿನಲ್ಲಿ ಸಂಪಗಾಂವಕ್ಕೆ ಹೋಗಿ ಬರುತ್ತಿದ್ದೆ.

ಶಾಲೆಯಲ್ಲಿ ಪ್ರತಿ ಜೂನ್ ತಿಂಗಳೂ ನನ್ನ ಮುಂದೆ ಒಂದೇ ಜಗಳ. ಜೂನ್ ಒಂದಕ್ಕೆ ಮಗುವಿಗೆ ಐದು ವರ್ಷ ಹತ್ತು ತಿಂಗಳು ತುಂಬಿರಬೇಕು. ತುಂಬದಿದ್ದರೆ ಮುಂದಿನ ವರ್ಷ ಬನ್ನಿ ಎಂದು ಕಳಿಸಬೇಕು. ಹೆಡ್ ಮಾಸ್ತರರು ಹಾಗೆ ಕಳಿಸುತ್ತಿರಲಿಲ್ಲ. ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟು ಎನ್ನುವರು. ಮುಟ್ಟಿದರೆ, ಜನ್ಮದಿನಾಂಕದ ಕಾಲಮಿನಲ್ಲಿ ‘ಜೂನ್ ಒಂದು’ ಎಂದು ಬರೆಯುವರು. ನಮ್ಮ ದಾಖಲಾತಿ ಪುಸ್ತಕದಲ್ಲಿ ಅರ್ಧ ಊರು ಜೂನ್ ಒಂದಕ್ಕೇ ಹುಟ್ಟಿತ್ತು. ನನ್ನ ಕೈಯಿಂದ ಮಾತ್ರ ಆ ಸುಳ್ಳು ಬರೆಯಲಾಗುತ್ತಿರಲಿಲ್ಲ. ನಾನು ಆಗಸ್ಟ್ ಕೊನೆಯಲ್ಲಿ ಹುಟ್ಟಿದವಳು. ಕೆಲವೇ ವಾರಗಳ ಕೊರತೆಗೆ ಒಂದು ವರ್ಷ ಮನೆಯಲ್ಲಿ ಕುಳಿತು, ಆಮೇಲೆ ಏಳೂ ವರ್ಷ ತರಗತಿಯಲ್ಲಿ ಎಲ್ಲರಿಗಿಂತ ಎತ್ತರದವಳಾಗಿ, ಹಿಂದಿನ ಸಾಲಿನಲ್ಲಿ — ಇರಲಿ. ಅದನ್ನು ಕಾರಣವೆಂದು ಹೇಳುತ್ತಿದ್ದೇನೆ, ಸಮಜಾಯಿಷಿಯೆಂದಲ್ಲ.

ನನ್ನ ಮಗು ನಿಜವಾಗಿಯೂ ಜೂನ್ ಮೊದಲ ವಾರದಲ್ಲಿ ಹುಟ್ಟಬೇಕು ಎಂದು ಗೊತ್ತುಮಾಡಿಕೊಂಡೆ. ಏಪ್ರಿಲ್, ಮೇ ಬೇಸಿಗೆ ರಜೆ. ತುಂಬಿದ ತಿಂಗಳಲ್ಲಿ ಬಸ್ಸು ಹತ್ತಬೇಕಾಗಿಲ್ಲ. ಜೂನ್‌ನಿಂದ ಹೆರಿಗೆ ರಜೆ. ಮಗುವಿಗೆ ಆರು ತುಂಬುವ ಹೊತ್ತಿಗೆ ಶಾಲೆಯ ಬಾಗಿಲು ತೆರೆಯುತ್ತದೆ. ಯಾರೂ ಏನನ್ನೂ ತಿದ್ದಬೇಕಿಲ್ಲ. ಲೆಕ್ಕ ಹಾಕಿದರೆ ಗರ್ಭ ನಿಲ್ಲಬೇಕಾದದ್ದು ಸೆಪ್ಟೆಂಬರಿನಲ್ಲಿ. ವರ್ಷಕ್ಕೆ ಒಂದು ತಿಂಗಳು. ಉಳಿದ ಹನ್ನೊಂದು ತಿಂಗಳು ಗುಳಿಗೆ.

ಮೊದಲ ವರ್ಷ ಕಾಯೋಣವೆಂದು ಗಂಡನಿಗೆ ಹೇಳಿದ್ದೆ, ಒಪ್ಪಿದ್ದರು. ಆಮೇಲೆ ನಾನು ಗುಳಿಗೆ ಬಿಟ್ಟಿದ್ದೇನೆಂದು ಅವರು ಅಂದುಕೊಂಡರು. ಅಂದುಕೊಳ್ಳಲು ಬಿಟ್ಟೆ. ಸಂಪಗಾಂವದ ನರ್ಸ್ ಒಬ್ಬರು ನನಗೆ ಗುಳಿಗೆ ತಂದುಕೊಡುತ್ತಿದ್ದರು. ಶಾಲೆಯ ಕಪಾಟಿನಲ್ಲಿ, ಖಡುವಿನ, ಅಂದರೆ ಸೀಮೆಸುಣ್ಣದ, ಪೆಟ್ಟಿಗೆಯೊಳಗೆ ಇಟ್ಟಿರುತ್ತಿದ್ದೆ. ಶನಿವಾರ ಬಿಡುವಾಗ ಭಾನುವಾರದ್ದೊಂದನ್ನು, ಬೇಸಿಗೆ ರಜೆಗೆ ಅಷ್ಟೂ ದಿನದ್ದನ್ನು, ಕರವಸ್ತ್ರದ ಗಂಟಿನಲ್ಲಿ ಕಟ್ಟಿಕೊಂಡು ಬರುತ್ತಿದ್ದೆ.

“ಟೀಚರ್, ಮಕ್ಕಳು ಟೈಮ್‌ಟೇಬಲ್ ನೋಡಿ ಬರೂದಿಲ್ರಿ,” ಎಂದು ನರ್ಸ್ ನಗುತ್ತಿದ್ದರು.

ತೊಂಬತ್ತೈದರ ಸೆಪ್ಟೆಂಬರಿನಲ್ಲಿ ನಿಲ್ಲಲಿಲ್ಲ. ಅಕ್ಟೋಬರ್ ಬಂತು, ಬೇರೆ ಯಾವ ಹೆಣ್ಣಾದರೂ ಮುಂದಿನ ತಿಂಗಳಿಗೆ ಕಾಯುತ್ತಿದ್ದಳು. ನಾನು ಮುಂದಿನ ವರ್ಷಕ್ಕೆಂದು ಮತ್ತೆ ಗುಳಿಗೆ ಹಿಡಿದೆ.

ಆ ಚಳಿಗಾಲದಲ್ಲಿ ಅತ್ತೆ ಒಂದು ಬೆಳಿಗ್ಗೆ ಹೊಸ್ತಿಲ ಹೊರಗೆ ಕಾಲ್ಮರಿ ಕಳಚಿ, ಸವದತ್ತಿಯ ದೇವಿಯ ಗುಡ್ಡದ ದಿಕ್ಕಿಗೆ ಕೈಮುಗಿದರು. “ಮೊಮ್ಮಗು ನನ್ನ ಉಡ್ಯಾಗ ಬೀಳೂತನಾ ಕಾಲಾಗ ಏನೂ ಮೆಟ್ಟೂದಿಲ್ಲ,” ಎಂದರು. ನನ್ನ ಕಡೆ ತಿರುಗಿ, “ನೀ ಏನೂ ಚಿಂತಿ ಮಾಡಬ್ಯಾಡವಾ. ಇದು ನನ್ನ ಕೆಲಸ,” ಎಂದರು.

ಆ ಕ್ಷಣ ಹೇಳಬಹುದಿತ್ತು. ನಾನು ಅವರ ಕಾಲ್ಮರಿಯನ್ನೆತ್ತಿ ಮೂಲೆಯಲ್ಲಿಟ್ಟೆ.

ತೊಂಬತ್ತಾರರ ಸೆಪ್ಟೆಂಬರ್ ಗಂಡನಿಗೆ ಟೈಫಾಯಿಡ್. ತಿಂಗಳು ಜ್ವರದಲ್ಲೇ ಹೋಯಿತು. ಅತ್ತೆ ಆ ಹೊತ್ತಿಗೆ ಎಂಟೊಂಬತ್ತು ತಿಂಗಳು ಬರಿಗಾಲಲ್ಲಿ ನಡೆದಿದ್ದರು. ಸಂಗೊಳ್ಳಿಯ ರಸ್ತೆಗೆ ನಮ್ಮದೊಂದು ಎರೆಹೊಲವಿದೆ. ಜನವರಿಯಲ್ಲಿ ಹತ್ತಿ ಬಿಡಿಸಲು ಹೋದಾಗ ಕಿರುಬೆರಳಲ್ಲಿ ಮುಳ್ಳು ಮುರಿಯಿತು. ಪಿನ್ನಿನಿಂದ ತೆಗೆದು ಅರಿಸಿಣ ಹಚ್ಚಿಕೊಂಡರು. ಫೆಬ್ರವರಿಯಲ್ಲಿ ಬೆರಳು ಕಪ್ಪಾಯಿತು. ಮಾರ್ಚ್‌ನಲ್ಲಿ ತೆಗೆದರು. ಸಕ್ಕರೆ ಕಾಯಿಲೆ ಇದೆಯೆಂದು ಎಲ್ಲರಿಗೂ ಗೊತ್ತಾದದ್ದೇ ಆಗ. ಬರಿಗಾಲಲ್ಲಿ ಇನ್ನು ಒಂದು ಹೆಜ್ಜೆಯನ್ನೂ ಇಡಬಾರದು ಎಂದರು ಡಾಕ್ಟರು. ಅತ್ತೆ ಬಟ್ಟೆ ಸುತ್ತಿದ ಕಾಲಲ್ಲಿ ಮನೆಗೆ ಬಂದರು, ಕಾಲ್ಮರಿ ಮೆಟ್ಟಲಿಲ್ಲ.

ಇಲ್ಲಿಂದ ಮುಂದಿನದನ್ನು ನಿಧಾನವಾಗಿ ಬರೆಯಬೇಕು. ಬೆರಳು ತೆಗೆದದ್ದು ಮಾರ್ಚ್‌ನಲ್ಲಿ. ನಾನು ಗುಳಿಗೆ ಬಿಟ್ಟದ್ದು ಆಗಸ್ಟ್‌ನಲ್ಲಿ. ನಡುವೆ ಐದು ತಿಂಗಳು. ಅಷ್ಟೂ ದಿನ ಬೆಳಿಗ್ಗೆ ಅವರ ಗಾಯ ತೊಳೆದು, ಪಟ್ಟಿ ಕಟ್ಟಿ, ಕೈ ತೊಳೆದುಕೊಂಡು ಸಂಪಗಾಂವದ ಬಸ್ಸು ಹತ್ತುತ್ತಿದ್ದೆ. ಶಾಲೆಯ ಕಪಾಟು ತೆರೆದು ಗುಳಿಗೆ ನುಂಗುತ್ತಿದ್ದೆ; ಬೇಸಿಗೆ ರಜೆಯಲ್ಲಿ ಮನೆಯಲ್ಲೇ, ಕರವಸ್ತ್ರದ ಗಂಟು ಬಿಚ್ಚಿ. ಮಾರ್ಚ್‌ನಲ್ಲೇ ಬಿಟ್ಟಿದ್ದರೆ ಮಗು ಡಿಸೆಂಬರಿಗೋ ಜನವರಿಗೋ ಹುಟ್ಟುತ್ತಿತ್ತು. ಶಾಲೆಯ ವರ್ಷಕ್ಕೆ ಹೊಂದುತ್ತಿರಲಿಲ್ಲ. ಅಷ್ಟೇ. ಅದಕ್ಕಿಂತ ದೊಡ್ಡ ಕಾರಣ ನನ್ನ ಬಳಿ ಇರಲಿಲ್ಲ. ದಾಖಲಾತಿ ಪುಸ್ತಕದಲ್ಲಿ ಒಂದು ಸುಳ್ಳು ತಾರೀಖು ಬರೆಯಲಾರದವಳು —

ತೊಂಬತ್ತೆಂಟರ ಮೇ ಕೊನೆಯ ವಾರ ಅಕ್ಷತಾ ಹುಟ್ಟಿದಳು. ಅತ್ತೆ ಅವಳನ್ನು ಉಡಿಯಲ್ಲಿ ಹಾಕಿಕೊಂಡು, ಆಮೇಲೆ ಕಾಲ್ಮರಿ ತರಿಸಿದರು. ಡಾಕ್ಟರು ಹೇಳಿದ ಮೆತ್ತನೆಯ ರಬ್ಬರಿನದು. ಎರಡೂವರೆ ವರ್ಷದ ಮೇಲೆ ಮೆಟ್ಟಿದಾಗ ಹೆಜ್ಜೆ ತಪ್ಪಿ ನಕ್ಕರು. ಓಣಿಯವರಿಗೆಲ್ಲ ಹೇಳಿದರು, ಹರಕೆ ಫಲಿಸಿತೆಂದು. ನಾನೂ ತಲೆಯಾಡಿಸಿದೆ.

ಆ ಲೆಕ್ಕ ಕೊನೆಗೆ ಏನಾಯಿತೆಂಬುದನ್ನೂ ಹೇಳಿಬಿಡಬೇಕು. ಅಕ್ಷತಾಗೆ ಐದು ತುಂಬಿದ ಜೂನ್‌ನಲ್ಲಿ, ನಾನು ಸಂಪಗಾಂವದಲ್ಲಿದ್ದಾಗ, ಅತ್ತೆ ಅವಳ ಕೈಹಿಡಿದು ಓಣಿಯ ಶಾಲೆಗೆ ಕರೆದೊಯ್ದರು. ಸಂಜೆ ನಾನು ಬಂದಾಗ ಮಗಳು ಪಾಟಿ ಹಿಡಿದು ಕುಳಿತಿದ್ದಳು.

“ಕಿವಿ ಮುಟ್ಟಿದಳು, ತಗೊಂಡ್ರು,” ಎಂದರು ಅತ್ತೆ. “ಮನ್ಯಾಗ ಕುಂತು ಏನ ಮಾಡತಾಳ? ನಮ್ಮ ಈರಣ್ಣಂದೂ ಹಂಗ ಬರಸಿದ್ನಿ.”

ಮಾಸ್ತರರು ಅವಳ ಹುಟ್ಟನ್ನು ಒಂದು ವರ್ಷ ಹಿಂದಕ್ಕೆ ತಳ್ಳಿ, ಜೂನ್ ಒಂದು ಎಂದು ಬರೆದಿದ್ದರು. ಆ ದಾಖಲೆಯ ಪ್ರಕಾರ ನನ್ನ ಮಗಳು ಹುಟ್ಟಿದ ದಿನ ನಾನು ಇನ್ನೂ ಗುಳಿಗೆ ನುಂಗುತ್ತಿದ್ದೆ. ತಿದ್ದಿಸಲು ಹೋಗಲಿಲ್ಲ. ಯಾವ ಮುಖ ಇಟ್ಟುಕೊಂಡು ಹೋಗಲಿ?

ಅಲ್ಲಿಗೇ ಮುಗಿದಿದ್ದರೆ ಬಹುಶಃ ನಾನು ಎಂದೂ ಬಾಯಿ ಬಿಡುತ್ತಿರಲಿಲ್ಲ. ಇದನ್ನೂ ಒಪ್ಪಿಕೊಳ್ಳುತ್ತೇನೆ. ಆದರೆ ಗೌರಿಯನ್ನು ರಾಮದುರ್ಗಕ್ಕೆ ಕೊಟ್ಟು ಎರಡು ವರ್ಷವಾದರೂ ಅವಳಿಗೆ ಮಕ್ಕಳಾಗಲಿಲ್ಲ. ಎರಡು ಸಾವಿರದ ಐದರ ಶ್ರಾವಣದ ಮೊದಲ ಸೋಮವಾರ, ಅತ್ತೆ ರಬ್ಬರಿನ ಕಾಲ್ಮರಿ ಕಳಚಿ ಗೋಡೆಯ ಮಾಡದಲ್ಲಿಟ್ಟರು. ಮಗ ರೇಗಿದರು, ಡಾಕ್ಟರರ ಮಾತು ನೆನಪಿಸಿದರು.

“ಅಕ್ಷತಾ ಹ್ಯಾಂಗ ಬಂದ್ಳು ಮತ್ತ?” ಎಂದರು ಅತ್ತೆ. “ಒಮ್ಮೆ ಕೊಟ್ಟಾಕಿ ಇನ್ನೊಮ್ಮೆ ಕೊಡೂದಿಲ್ಲೇನು?”

ಆ ಮಾತಿಗೆ ಉತ್ತರ ಗೊತ್ತಿದ್ದವಳು ಮನೆಯಲ್ಲಿ ಒಬ್ಬಳೇ. ನಾನು ಹನ್ನೆರಡು ದಿನ ಸುಮ್ಮನಿದ್ದೆ. ಹೇಳಿದರೆ ಈ ಮನೆಯಲ್ಲಿ ನನ್ನ ಜಾಗ ಏನಾದೀತೋ — ಹೇಳದಿದ್ದರೆ ಅವರ ಕಾಲು. ಹನ್ನೆರಡು ದಿನ ನಾನು ನನ್ನ ಜಾಗದ ಬಗ್ಗೆಯೇ ಹೆಚ್ಚು ಯೋಚಿಸಿದೆ.

ಹದಿಮೂರನೆಯ ದಿನ ಮಧ್ಯಾಹ್ನ ಅವರು ಪಡಸಾಲೆಯಲ್ಲಿ ಕಾಲು ಚಾಚಿ ಶೇಂಗಾಕಾಯಿ ಸುಲಿಯುತ್ತಿದ್ದರು. ಹಿಮ್ಮಡಿಯಲ್ಲಿ ಏನೋ ಮಿಂಚಿತು. ಬಗ್ಗಿ ನೋಡಿದೆ, ಗಾಜಿನ ಚೂರು. ಉಗುರಿನಿಂದ ಹಿಡಿದು ಎಳೆದೆ. ಅರ್ಧ ಕಡಲೆಬೇಳೆಯಷ್ಟು ಒಳಗೆ ಇಳಿದಿತ್ತು. ರಕ್ತ ಬಂತು. ಅತ್ತೆ ಸುಲಿಯುವುದನ್ನು ನಿಲ್ಲಿಸಿರಲಿಲ್ಲ.

“ನೋವಾಗಲಿಲ್ಲೇನ್ರಿ?”

“ಎದಕ್ಕ?” ಎಂದರು.

ಅವರ ಕಾಲು ಇನ್ನೂ ನನ್ನ ಕೈಯಲ್ಲೇ ಇತ್ತು. ಹೇಳಿದೆ. “ಅತ್ತಿ, ಅಕ್ಷತಾ ಹರಕಿಯಿಂದ ಹುಟ್ಟಲಿಲ್ಲರಿ. ನಾ ಗುಳಿಗಿ ಬಿಟ್ಟಿದ್ದಕ್ಕ ಹುಟ್ಟಿದಳು.”

ಅವರಿಗೆ ಅರ್ಥವಾಗಲಿಲ್ಲ. ಮೊದಲಿನಿಂದ ಹೇಳಿದೆ. ಸೆಪ್ಟೆಂಬರ್, ಜೂನ್, ಖಡುವಿನ ಪೆಟ್ಟಿಗೆ. ಅವರು ಕಾಲು ಎಳೆದುಕೊಂಡರು.

“ಎಷ್ಟ ವರ್ಷ?”

“ಮೂರು.”

“ನನ್ನ ಕಾಲ್ಬೆರಳ ತಗದಾಗನೂ?”

“ಹೂಂರಿ. ಆಗನೂ.”

ಶೇಂಗಾಕಾಯಿಯ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿದರು. ನಾನು ಬೈಗುಳಕ್ಕೆ ಕಾದೆ. ಹೊಡೆದರೂ ಆಗಲಿ ಎಂದುಕೊಂಡೆ. ಅವರು ತಲೆಯೆತ್ತಿ ಕೇಳಿದರು: “ಮತ್ತ ಗೌರಿನೂ ನುಂಗಾಕತ್ತಾಳೇನು?”

ನನಗೆ ಗೊತ್ತಿಲ್ಲವೆಂದೆ. ಅತ್ತೆ ಎದ್ದು ಫೋನಿನ ಹತ್ತಿರ ಹೋಗಿ, ನನ್ನಿಂದಲೇ ನಂಬರು ಒತ್ತಿಸಿಕೊಂಡರು. “ಏ ಗೌರಿ, ಖರೇ ಹೇಳು, ಗುಳಿಗಿ ಏನರ ತಗೊಳ್ಳಾಕತ್ತೀಯೇನು? ... ಅಳಬ್ಯಾಡ, ಕೇಳಿದ್ನಿ ಅಷ್ಟ. ಇಲ್ಲಂದ್ರ ಇಲ್ಲ. ಹಂಗಾದ್ರ ಇಬ್ಬರೂ ಬೆಳಗಾವಿಗೆ ಹೋಗಿ ಡಾಕ್ಟರಿಗೆ ತೋರಿಸ್ರಿ. ನಾ ಇಲ್ಲಿ ಕಾಲು ಸುಟ್ಟಕೊಂಡ್ರ ಏನೂ ಆಗೂದಿಲ್ಲಂತ.”

ಫೋನು ಇಟ್ಟು, ಮಾಡದಿಂದ ಕಾಲ್ಮರಿ ತೆಗೆದು ಮೆಟ್ಟಿದರು. ನನ್ನ ಕಡೆ ನೋಡದೆ ಹೇಳಿದರು: “ಸಿಟ್ಟು ಬಂದೈತಿ. ಅದು ಇರತೈತಿ. ಈರಣ್ಣಗ ನೀನ ಹೇಳು. ನಾ ಹೇಳೂದಿಲ್ಲ.”

ನನಗೆ ಅಳು ಬಂತು. ದುಃಖದ ಅಳುವಲ್ಲ ಅದು, ಬರೆಯಲು ನಾಚಿಕೆಯಾಗುತ್ತದೆ. ಆ ರಬ್ಬರಿನ ಸಪ್ಪಳ ಹಿತ್ತಲಿನ ಕಡೆ ಹೋದದ್ದು ಕೇಳಿ ಒಂಬತ್ತು ವರ್ಷದಿಂದ ಹಿಡಿದ ಉಸಿರು ಬಿಟ್ಟೆ.

ಅತ್ತೆ ನನ್ನೊಡನೆ ಮಾತು ಬಿಟ್ಟರು. ಊಟ ಮಾಡುವರು, ಕೆಲಸ ಮಾಡುವರು, ಮಾತಿಲ್ಲ. ಕೊನೆಗೊಂದು ಬೆಳಿಗ್ಗೆ ಗೋಡೆಯ ಕ್ಯಾಲೆಂಡರಿನ ಹಾಳೆ ಮಗುಚಿದವರು, “ಬಂತು ನೋಡವಾ ನಿನ್ನ ಸೆಪ್ಟೆಂಬರು,” ಎಂದರು. ಚುಚ್ಚಿ ಹೇಳಿದ್ದೇ. ಆದರೂ ಅದು ಮಾತು. ಆ ದಿನ ನಾನು ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಒಬ್ಬಳೇ ನಕ್ಕೆ.

ಗಂಡನಿಗೆ ಒಂದು ಭಾನುವಾರ ಹೊಲದಲ್ಲಿ ಹೇಳಿದೆ. ಅವರು ಬದುವಿನ ಮೇಲೆ ಕುಳಿತು ಪೂರ್ತಿ ಕೇಳಿದರು. ಆಮೇಲೆ ಹೇಳಿದರು: “ತೊಂಬತ್ತೇಳರಾಗ ಗಿರಣಿಗೆ ಹೋಗತೇನಂತ ಹೇಳಿ ಒಂದಿನ ಧಾರವಾಡಕ್ಕ ಹೋಗಿದ್ನಿ. ತೋರಿಸ್ಕೊಂಡ್ನಿ. ನನ್ನಾಗ ಏನೂ ಕಡಿಮಿ ಇಲ್ಲ ಅಂದ್ರು. ಮನಿಗೆ ಬಂದು ಹೇಳಲಿಲ್ಲ. ಹೇಳಿದ್ರ, ಕಡಿಮಿ ಇರೂದು ನಿನ್ನಾಗ ಅಂದಂಗ ಆಗತಿತ್ತಲ್ಲ.”

ನನಗೆ ನೋವಾಗದಿರಲೆಂದು ಅವರು ಮುಚ್ಚಿಟ್ಟಿದ್ದರು. ನನ್ನ ಲೆಕ್ಕ ತಪ್ಪದಿರಲೆಂದು ನಾನು ಮುಚ್ಚಿಟ್ಟಿದ್ದೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಲಾರೆ. ಅವರು ಎದ್ದು ಧೋತರ ಕೊಡವಿಕೊಂಡು, “ನಡಿ, ಬಿಸಲಾತು,” ಎಂದರು.

ಇದೆಲ್ಲ ಆಗಿ ಮೂರು ವರ್ಷ. ಅತ್ತೆಯ ಕಾಲನ್ನು ದಿನಾ ನೋಡಿ ಎಣ್ಣೆ ಹಚ್ಚುತ್ತೇನೆಂದು ಎಷ್ಟು ಸಲ ಕೇಳಿದರೂ ಅವರು ಬಿಡುವುದಿಲ್ಲ. “ನನ್ನ ಕಾಲು ನಾ ನೋಡ್ಕೋತೇನಿ,” ಎನ್ನುತ್ತಾರೆ. ಕನ್ನಡಿಯನ್ನು ನೆಲದ ಮೇಲಿಟ್ಟು, ಅಂಗಾಲನ್ನು ಅದರ ಮೇಲೆ ಹಿಡಿದು, ತಾವೇ ನೋಡಿಕೊಳ್ಳುತ್ತಾರೆ. ಕಾಲು ಹಿಡಿದು ಸೇವೆ ಮಾಡಿ ಹಗುರಾಗುವ ದಾರಿಯನ್ನು ನನಗೆ ಕೊಟ್ಟಿಲ್ಲ. ಸರಿಯೇ ಇದೆ. ಆದರೂ ಹಗುರಾಗಿದ್ದೇನೆ. ಈ ಮನೆಯಲ್ಲಿ ಈಗ ನಾನೊಬ್ಬಳೇ ಬಲ್ಲ ಸಂಗತಿ ಒಂದೂ ಇಲ್ಲ.

ಅಕ್ಷತಾಗೆ ಮಾತ್ರ ಇನ್ನೂ ಹೇಳಿಲ್ಲ. ಅಜ್ಜಿಯ ಹರಕೆಯಿಂದ ತಾನು ಬಂದೆನೆಂದು ಅವಳು ಗೆಳತಿಯರಿಗೆ ಹೇಳಿಕೊಳ್ಳುವುದನ್ನು ಕೇಳಿದ್ದೇನೆ. ಈಗಲೇ ಹೇಳಿಬಿಡಲೇ ಎಂದು ಮೊನ್ನೆ ಅತ್ತೆಯನ್ನು ಕೇಳಿದೆ.

“ಈಗ ಬ್ಯಾಡ. ದೊಡ್ಡಾಕಿ ಆಗಲಿ, ಇಬ್ಬರೂ ಕೂಡಿ ಕುಂತು ಹೇಳೂಣು,” ಎಂದರು. “ನೀ ಒಬ್ಬಾಕಿನ ಹೇಳಿದ್ರ ನನ್ನ ಕಾಲಿನ ಸುದ್ದಿ ಸಣ್ಣದು ಮಾಡತಿ.”

ಆಗಲಿ ಎಂದೆ. ನಾನು ಹೇಳುತ್ತೇನೆ, ಅವರು ಪಕ್ಕದಲ್ಲಿ ಕುಳಿತು ತಿದ್ದುತ್ತಾರೆ. ಆ ದಿನ ಬರಲೆಂದು ಕಾಯುತ್ತಿದ್ದೇನೆ, ಹೆದರಿಕೆಯಿಲ್ಲದೆ.