ನೈಋತ್ಯದ ಕಿಂಡಿ

ಮೋರಿಯ ಹೂಳಿನ ವಾಸನೆಗೆ ನಿಂತು ಮೂಗರಳಿಸುವವಳು ಈ ಊರಿನಲ್ಲಿ ನಾನೊಬ್ಬಳೇ ಇರಬೇಕು. ಬೇಸಿಗೆಯ ಕೊನೆಗೆ ನಮ್ಮ ಜೆ.ಪಿ. ನಗರದ ರಸ್ತೆಯಲ್ಲಿ ಚಪ್ಪಡಿ ಎಬ್ಬಿಸಿ, ಕಪ್ಪು ಹೂಳನ್ನು ಎತ್ತಿ, ಅಲ್ಲೇ ಮೋರಿಯ ಅಂಚಿನಲ್ಲಿ ಗುಡ್ಡೆ ಹಾಕಿ ಹೋಗುತ್ತಾರೆ, ಮೊದಲ ಮಳೆಗೆ ಅದು ಮತ್ತೆ ಒಳಗೇ ಇಳಿಯಲಿ ಎಂಬಂತೆ. ಜನ ಕರವಸ್ತ್ರ ಹಿಡಿದು ದಾಟುತ್ತಾರೆ. ನಾನು ತರಕಾರಿ ಚೀಲ ಹಿಡಿದು ಒಂದು ಗಳಿಗೆ ನಿಲ್ಲುತ್ತೇನೆ. ಕೊಳೆತ ಹೊಂಗೆ ಎಲೆ, ಒದ್ದೆ ಮಣ್ಣು, ಎಲ್ಲೋ ಅಡಿಯಲ್ಲಿ ಬಾಡಿದ ಹೂವು. ಅದು ಜಯನಗರದ ನಮ್ಮ ಹಳೆಯ ಮನೆಯ ಹಿತ್ತಲಿನ ವಾಸನೆ. ಆ ಮನೆ ಈಗಿಲ್ಲ, ಆ ಮನೆಯನ್ನು ಕಾಯುತ್ತಿದ್ದ ಶಾರದತ್ತೆಯೂ ಇಲ್ಲ. ನಿಮಗೂ ಅಂಥದೊಂದು ಮನೆಯಿದ್ದು ಇಲ್ಲವಾಗಿದ್ದರೆ ನನ್ನ ದುಃಖ ನಿಮಗೆ ತಿಳಿಯುತ್ತದೆ. ಆದರೆ ನನ್ನಲ್ಲಿ ದುಃಖಕ್ಕಿಂತ ಸಿಟ್ಟೇ ಹೆಚ್ಚು. ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಶಾರದತ್ತೆ ನನ್ನ ಅಪ್ಪನ ಅಕ್ಕ. ಮದುವೆಯಾಗಲಿಲ್ಲ, ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದರು, ಮನೆಯನ್ನೂ ತರಗತಿಯಂತೆಯೇ ನಡೆಸುತ್ತಿದ್ದರು. ದೊಡ್ಡಪ್ಪನ ಸಂಸಾರ, ನಮ್ಮ ಸಂಸಾರ, ಅತ್ತೆ ಎಲ್ಲ ಒಂದೇ ಸೂರಿನಡಿ ಇದ್ದೆವು. ಮನೆಯಿದ್ದದ್ದು ಯಡಿಯೂರು ಕೆರೆಯ ಕಡೆಗೆ ನೆಲ ಇಳಿಯುತ್ತಾ ಹೋಗುವ ಜಾಗದಲ್ಲಿ. ಮುಂದಿನ ರಸ್ತೆ ಎತ್ತರ, ಹಿಂದಿನ ಗಲ್ಲಿ ತಗ್ಗು. ಮಳೆ ಬಂದರೆ ರಸ್ತೆಯ ನೀರೆಲ್ಲ ನಮ್ಮ ಗೇಟಿನಡಿ ನುಗ್ಗಿ, ಅಂಗಳ ಸುತ್ತಿ, ಹಿತ್ತಲಿನ ಮೂಲೆ ಸೇರುತ್ತಿತ್ತು. ಅದು ತಿಳಿದೇ ನಮ್ಮ ತಾತ ಆ ಮೂಲೆಯ ಕಾಂಪೌಂಡು ಗೋಡೆಯ ಬುಡದಲ್ಲಿ ಬೆಕ್ಕು ನುಸುಳುವಷ್ಟು ದೊಡ್ಡ ಕಿಂಡಿಯೊಂದನ್ನು ಬಿಡಿಸಿದ್ದರು. ಬಂದ ನೀರು ಮನೆಯವರ ಹಾಗೆ ಹಿಂದಿನ ದಾರಿಯಲ್ಲಿ ಹೊರಟುಹೋಗುತ್ತಿತ್ತು.

ಯುಗಾದಿಯ ಬೇವು-ಬೆಲ್ಲದ ಕಹಿ ನಾಲಿಗೆಯಿಂದ ಹೋಗುವ ಮೊದಲೇ ಅತ್ತೆಯ ಮಳೆ ತಯಾರಿ ಶುರುವಾಗುತ್ತಿತ್ತು. ಒಂದು ಭಾನುವಾರ ಯಾರಿಗೂ ಬಿಡುವಿಲ್ಲ. ಅಪ್ಪ ಏಣಿ ಹಾಕಿ ಸಜ್ಜದ ಮೇಲಿನ ಹೂಕುಂಡಗಳನ್ನು ಕೆಳಗಿಳಿಸಬೇಕು, ಗಾಳಿಗೆ ಯಾರ ತಲೆಯ ಮೇಲೂ ಬೀಳಬಾರದು. ತೆಂಗಿನ ಮರದ ಒಣಗರಿ, ಒಣಕಾಯಿ ಕೀಳಿಸಬೇಕು. ಅಮ್ಮ ಅಕ್ಕಿ ಡಬ್ಬಗಳನ್ನು ಅಟ್ಟಕ್ಕೇರಿಸಬೇಕು, ಸೀಮೆಎಣ್ಣೆಯನ್ನು ಒಲೆಯಿಂದ ದೂರ ಇಡಬೇಕು, ಬೆಂಕಿಪೊಟ್ಟಣವನ್ನು ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ಹಾಕಬೇಕು. ಮಕ್ಕಳಾದ ನಮಗೆ ಪರೀಕ್ಷೆ. ಕಣ್ಣಿಗೆ ಟವೆಲು ಕಟ್ಟಿ ನಡುಮನೆಯಲ್ಲಿ ಮೂರು ಸುತ್ತು ತಿರುಗಿಸಿ ಬಿಟ್ಟುಬಿಡುತ್ತಿದ್ದರು. ಮುಗ್ಗರಿಸದೆ ಹೋಗಿ ಒಣಗಿದ ಮರದ ಮಣೆಯ ಮೇಲೆ ನಿಂತು ಮೇನ್ ಸ್ವಿಚ್ಚು ಮುಟ್ಟಬೇಕು, ಅಲ್ಲಿಂದ ಅಡುಗೆಮನೆಗೆ ಹೋಗಿ ಗ್ಯಾಸಿನ ನಾಬು ಮುಟ್ಟಬೇಕು. ದೊಡ್ಡಪ್ಪನ ಮಗ ಪ್ರಸಾದಣ್ಣ ಪ್ರತಿಸಲ ಟವೆಲಿನ ಸಂದಿಯಲ್ಲಿ ಇಣುಕಿ ಸಿಕ್ಕಿಬೀಳುತ್ತಿದ್ದ. "ಕತ್ತಲಲ್ಲಿ ಯಾರಿಗೆ ಮೋಸ ಮಾಡ್ತೀಯೋ?" ಎಂದು ಅತ್ತೆ ಅವನ ಕಿವಿ ಹಿಂಡುತ್ತಿದ್ದರು. ಬೆಂಕಿ ಬಿದ್ದಾಗ ಬಾವಿ ತೋಡುವ ಜನವೆಂದರೆ ಅವರಿಗೆ ಆಗದು.

ಕೊನೆಯ ಕೆಲಸ ಕಿಂಡಿಯದು. ಅದನ್ನು ಅತ್ತೆ ಯಾರಿಗೂ ಬಿಡುತ್ತಿರಲಿಲ್ಲ. ಸೀರೆ ಎತ್ತಿಕಟ್ಟಿ, ಹಾರೆ ಹಿಡಿದು, ಕುಕ್ಕರುಗಾಲಿನಲ್ಲಿ ಕೂತು ವರ್ಷದ ಹೂಳನ್ನು ಕೆದಕುವ ಮುನ್ನ ಗೋಡೆಯಾಚೆಗೆ ಕೂಗುತ್ತಿದ್ದರು. "ರತ್ನಾ, ಬುಟ್ಟಿ ತೆಗಿ, ಕಿಂಡಿ ಬಿಡಿಸ್ತೀನಿ!" ಆಚೆಯಿಂದ "ತಗ್ದೆ ಟೀಚರಮ್ಮ, ಬಿಡ್ಸಿ" ಎಂದು ಉತ್ತರ. ಗೋಡೆಯ ಹೊರಗೆ, ಹೊಂಗೆ ಮರದ ನೆರಳಲ್ಲಿ, ರತ್ನಮ್ಮ ಹೂವು ಮಾರುತ್ತಿದ್ದಳು. ಜರಗನಹಳ್ಳಿಯಿಂದ ಬೆಳಗಿನ ಬಸ್ಸಿನಲ್ಲಿ ಬುಟ್ಟಿ ಇಳಿಸಿಕೊಂಡು ಬರುವವಳು. ನನ್ನ ಜಡೆಗೆ ಮೊದಲ ಮೊಗ್ಗಿನ ದಂಡೆ ಕಟ್ಟಿದವಳು ಅವಳೇ. ಮೊಳ ಅಳೆಯುವಾಗ ನಮ್ಮ ಮನೆಗೆ ಮಾತ್ರ ಅವಳ ಕೈ ಉದ್ದವಾಗುತ್ತಿತ್ತು.

ಅತ್ತೆ ಅವಳಿಗೊಂದು ಕಟ್ಟಪ್ಪಣೆ ಮಾಡಿದ್ದರು. ಮೋಡ ಕಪ್ಪಾದರೆ ಗೋಡೆಯ ಪಕ್ಕ ನಿಲ್ಲಕೂಡದು, ಮರದಡಿಯೂ ಕೂಡದು, ಸೀದಾ ಒಳಗೆ ಬರಬೇಕು. ರತ್ನಮ್ಮ ಬರುತ್ತಿದ್ದಳು. ಹಿತ್ತಲಿನ ಗೇಟಿಗೆ ಒಂದು ತಂತಿಯ ಕೊಕ್ಕೆ ಬಿಟ್ಟರೆ ಬೇರೆ ಏನೂ ಇರಲಿಲ್ಲ. ಬುಟ್ಟಿಯನ್ನು ಜಗಲಿಯ ಮೇಲಿಟ್ಟು, ಸೆರಗಿನಿಂದ ತಲೆ ಒರೆಸಿಕೊಂಡು, ಅಮ್ಮ ಕೊಟ್ಟ ಕಾಫಿ ಕುಡಿದು, ಮಳೆ ನಿಲ್ಲುವವರೆಗೆ ಹೂವು ಕಟ್ಟುತ್ತಾ ಕೂರುತ್ತಿದ್ದಳು. ಕರೆಂಟು ಹೋದ ಆ ಸಂಜೆಗಳಲ್ಲಿ ಜಗಲಿಯ ತುಂಬ ಮರುಗ, ಕನಕಾಂಬರ, ಒದ್ದೆ ದಾರ. ಕಿಂಡಿಯಲ್ಲಿ ನೀರು ಗುಳುಗುಳು ಎನ್ನುವುದು ಒಳಗಿನವರೆಗೂ ಕೇಳುತ್ತಿತ್ತು. ಅದು ಕೇಳುತ್ತಿರುವವರೆಗೆ ಅತ್ತೆ ನಿಶ್ಚಿಂತೆಯಿಂದ ಉತ್ತರಪತ್ರಿಕೆ ತಿದ್ದುತ್ತಿದ್ದರು.

ನಾನು ಮದುವೆಯಾಗಿ ಹೋದೆ, ಅಪ್ಪ ಅಮ್ಮ ತೀರಿಕೊಂಡರು, ದೊಡ್ಡಪ್ಪನೂ ಹೋದರು. ಮನೆ ಪ್ರಸಾದಣ್ಣನ ಪಾಲಿಗೆ ಬಂತು. ಅತ್ತೆಗೆ ಮಹಡಿಯ ಕೋಣೆ. ಅಣ್ಣ ಮನೆ ರಿಪೇರಿಗೆ ಕೈಹಾಕಿದಾಗ ವಾಸ್ತು ನೋಡುವವರೊಬ್ಬರನ್ನು ಕರೆಸಿದ. ರೇಷ್ಮೆ ಜುಬ್ಬದ ಆ ಮಹಾನುಭಾವ ದಿಕ್ಸೂಚಿ ಹಿಡಿದು ಮನೆ ಸುತ್ತಿ, ಹಿತ್ತಲಿನ ಮೂಲೆಯಲ್ಲಿ ನಿಂತು ತಲೆಯಾಡಿಸಿದರಂತೆ. ನೈಋತ್ಯದಲ್ಲಿ ತೂತು! ಅಲ್ಲಿಂದ ನೀರು ಹೊರಗೆ ಹೋದರೆ ಮನೆಯ ಲಕ್ಷ್ಮಿಯೂ ಹೋದಂತೆಯೇ. ಅದನ್ನು ಮುಚ್ಚಿ, ಗೋಡೆ ಎತ್ತರಿಸಿ, ಅಂಗಳದ ಇಳಿಜಾರನ್ನು ಈಶಾನ್ಯಕ್ಕೆ ತಿರುಗಿಸಿ ಎಂದರು. ಈಶಾನ್ಯದಲ್ಲಿರುವುದು ಎತ್ತರದ ರಸ್ತೆ. ನೀರಿಗೆ ಏಣಿ ಹತ್ತಲು ಬರುವುದಿಲ್ಲ ಎಂದು ಅತ್ತೆ ಬಾಯಿ ನೋಯುವಷ್ಟು ಹೇಳಿದರು. ಇಂಜಿನಿಯರಿಂಗ್ ಓದಿದ ಅಣ್ಣ ನಕ್ಕ. "ಕಾಲ ಬದಲಾಗಿದೆ ಅತ್ತೆ, ನೀವು ಆರಾಮಾಗಿರಿ" ಎಂದ. ಇಳಿಜಾರಿನ ಕೆಲಸ ಆಮೇಲೆ ನೋಡೋಣ ಎಂದು ಉಳಿಯಿತು. ಕಿಂಡಿಗೆ ಸಿಮೆಂಟು ಮಾತ್ರ ಅದೇ ವಾರ ಬಿತ್ತು. ಹಳೆಯ ಪಾಯದ ಮೇಲೇ ಗೋಡೆಯನ್ನು ಎತ್ತರಿಸಿದರು. ಮಣ್ಣಿದ್ದ ಹಿತ್ತಲಿಗೆಲ್ಲ ಗ್ರಾನೈಟು ಹಾಸಿದರು. ತಂತಿ ಕೊಕ್ಕೆಯ ಜಾಗಕ್ಕೆ ಒಳಗಿನಿಂದ ಬೀಗ ಬೀಳುವ ಉಕ್ಕಿನ ಗೇಟು ಬಂತು, ಹೊರಗಿನವರು ಒತ್ತಲು ಒಂದು ಬೆಲ್ಲೂ ಬಂತು. ಹತ್ತಿರದ ಹಳ್ಳಿಯ ಬೇಸಾಯಗಾರನಿಗೂ ಗೊತ್ತಿರುವುದು, ನೀರು ತಗ್ಗಿಗೇ ಹರಿಯುತ್ತದೆಂಬುದು, ಇಷ್ಟು ಓದಿದ ಮನೆಯಲ್ಲಿ ಮರೆತುಹೋಯಿತಲ್ಲ ಎಂದು ನೆನೆದರೆ ಇವತ್ತಿಗೂ ನನ್ನ ಹಲ್ಲು ಕಟಕಟ ಅನ್ನುತ್ತದೆ.

ಆ ಮೇ ತಿಂಗಳ ಮಧ್ಯಾಹ್ನದ ಮಳೆಯನ್ನು ಅತ್ತೆ ನನಗೆ ಎಷ್ಟೋ ಸಲ ಹೇಳಿದ್ದಾರೆ. ಮೊದಲು ಗಾಳಿ, ಆಮೇಲೆ ಆಲಿಕಲ್ಲು, ಆಮೇಲೆ ಎದುರು ಮನೆ ಕಾಣದಷ್ಟು ನೀರು. ಮಹಡಿಯ ಕಿಟಕಿಯಿಂದ ನೋಡಿದರೆ ಹಿತ್ತಲು ತೊಟ್ಟಿಯಾಗಿ ತುಂಬುತ್ತಿತ್ತು. ಗೋಡೆಯಾಚೆ ರತ್ನಮ್ಮ ಬುಟ್ಟಿಗೆ ಪ್ಲಾಸ್ಟಿಕ್ ಹೊದಿಸಿ, ಗೋಡೆಗೆ ಬೆನ್ನು ಕೊಟ್ಟು ಕೂತಿದ್ದಳು. ಅತ್ತೆ ಕಿಟಕಿಯ ಸರಳು ಹಿಡಿದು ಕೂಗಿದರು. "ರತ್ನಾ, ಏಳೇ! ಗೋಡೆ ಬಿಟ್ಟು ಏಳು!" ಮಳೆಯ ಸದ್ದಿನಲ್ಲಿ ಅವಳಿಗೆ ಕೇಳಲಿಲ್ಲ. ಮೊಣಕಾಲು ನೋವಿನ ಅತ್ತೆ ಗೋಡೆ ಹಿಡಿದು ಮೆಟ್ಟಿಲಿಳಿದು ಬಂದಾಗ ಕೆಳಗೆ ಅತ್ತಿಗೆ ಫೋನಿನಲ್ಲಿ ಅಣ್ಣನಿಗೆ ಕಾರಿನೊಳಗೆ ನೀರು ಹೋಗುತ್ತಿದೆ ಎಂದು ಹೇಳುತ್ತಿದ್ದರು. "ಗೇಟಿನ ಕೀ ಕೊಡು" ಎಂದು ಅತ್ತೆ ಕೇಳಿದರು. ಅತ್ತಿಗೆ ಕೀ ಹುಡುಕುತ್ತಿರುವಾಗಲೇ ಗೋಡೆ ಗಲ್ಲಿಯ ಕಡೆಗೆ ಮಲಗಿತು. ಒಂದೇ ಸದ್ದು. ಅದುವರೆಗೆ ಕಟ್ಟಿನಿಂತಿದ್ದ ನೀರೆಲ್ಲ ಒಮ್ಮೆಗೇ ಇಳಿದುಹೋಯಿತು.

ಮಾರನೆಯ ದಿನದ ಪೇಪರಿನಲ್ಲಿ "ಮಳೆಗೆ ಮಹಿಳೆ ಬಲಿ" ಎಂದು ಬಂತು. ಮಳೆ ಏನು ಮಾಡಿತ್ತು? ತಾತನ ಕಾಲದಿಂದ ಬಂದು, ಅದೇ ಮೂಲೆಯಿಂದ ಹೋಗುತ್ತಿದ್ದ ಮಳೆ ಅದು. ಬಂದವರೆಲ್ಲ ಹಣೆಬರಹ ಅಂದರು, ಪ್ರಕೃತಿ ವಿಕೋಪ ಅಂದರು, ಕೆಟ್ಟ ಕಾಲ ಅಂದರು. ವಾಸ್ತುವಿನವರು ಫೋನಿನಲ್ಲಿ, ದೋಷ ಮೊದಲೇ ಇತ್ತು, ಅದು ಹೊರಗಿನವರ ಮೇಲೆ ಹೋಯಿತು, ಮನೆಯವರು ಬಚಾವಾದರು ಎಂದರಂತೆ. ಅಣ್ಣ ಅದನ್ನು ಸಮಾಧಾನವೆಂಬಂತೆ ನನಗೆ ಹೇಳಿದ. ನಾನು ಅವನ ಮುಖ ನೋಡಲಾರದೆ ಎದ್ದು ಮಹಡಿಗೆ ಹೋದೆ. ಅತ್ತೆ ಸೀರೆ ಬದಲಿಸಿ, ಚಪ್ಪಲಿ ಕೈಯಲ್ಲಿ ಹಿಡಿದು ಕೂತಿದ್ದರು. ರತ್ನಮ್ಮನ ಮನೆಗೆ ಕರೆದುಕೊಂಡು ಹೋಗು ಎಂದರು.

ಅಣ್ಣ ಬಾಗಿಲಿಗೆ ಅಡ್ಡ ನಿಂತ. "ಬೇಡ ಅತ್ತೆ. ಲಾಯರು ಹೇಳಿದಾರೆ, ನಮ್ಮ ಕಡೆಯಿಂದ ಯಾರೂ ಹೋಗ್ಬಾರ್ದು, ಏನೂ ಮಾತಾಡ್ಬಾರ್ದು. ಹೋದ್ರೆ ತಪ್ಪು ಒಪ್ಕೊಂಡ ಹಾಗಾಗುತ್ತೆ."

"ಒಪ್ಕೊಳ್ಳೋಕೇ ಹೋಗ್ತಿರೋದು" ಎಂದರು ಅತ್ತೆ. "ದಾರಿ ಬಿಡು."

ಜರಗನಹಳ್ಳಿಯಲ್ಲಿ, ಕನಕಪುರ ರಸ್ತೆಯಿಂದ ಒಳಗೆ, ಒಂದರ ಬೆನ್ನಿಗೊಂದು ಅಂಟಿದ ಬಾಡಿಗೆ ಮನೆಗಳ ಸಾಲಿನಲ್ಲಿ ರತ್ನಮ್ಮನದು ಕೊನೆಯದು. ಅವಳ ಮಗಳು ಮಂಜುಳಾ ನಮ್ಮನ್ನು ನೋಡಿ ಎದ್ದುನಿಂತಳು, ಚಾಪೆ ಹಾಸಿದಳು. ಅತ್ತೆ ಕೂರಲಿಲ್ಲ. ತರಗತಿಯ ಮುಂದೆ ನಿಂತಂತೆ ನೆಟ್ಟಗೆ ನಿಂತು, "ಮಂಜುಳಾ, ಎಲ್ಲಾರೂ ಮಳೆ ಮಳೆ ಅಂತಾರೆ. ನಂಬಬೇಡ. ನೀರು ಹೋಗೋ ಕಿಂಡೀನ ನಮ್ಮನೆಯವರೇ ಮುಚ್ಚಿದ್ರು. ಅದಕ್ಕೇ ಗೋಡೆ ಬಿತ್ತು. ಯಾರು ಕೇಳಿದ್ರೂ, ಪೊಲೀಸರು ಕೇಳಿದ್ರೂ, ನಾನು ಇದನ್ನೇ ಹೇಳ್ತೀನಿ. ನೀನೂ ಹೇಳು" ಎಂದರು.

ಮಂಜುಳಾ ಅಳಲಿಲ್ಲ, ಬೈಯಲೂ ಇಲ್ಲ. ಬೈದಿದ್ದರೆ ಚೆನ್ನಾಗಿತ್ತು. ಒಂದೇ ಪ್ರಶ್ನೆ ಕೇಳಿದಳು.

"ಅಮ್ಮ ಬೆಲ್ ಮಾಡಿತ್ತಾ, ಟೀಚರಮ್ಮ?"

"ಇಲ್ಲ ಕಣಮ್ಮ. ಮಾಡ್ಲಿಲ್ಲ."

"ಮಾಡಲ್ಲ ಬಿಡಿ" ಎಂದಳು ಮಂಜುಳಾ. "ನಿಮ್ಮನೇಗೆ ಅಮ್ಮ ಯಾವತ್ತು ಬೆಲ್ ಮಾಡಿ ಬಂದಿದ್ದು?"

ಅತ್ತೆ ಆಗ ಕೂತರು. ಚಾಪೆಯ ಮೇಲಲ್ಲ, ಹೊಸ್ತಿಲ ಹತ್ತಿರ, ಬರಿಯ ನೆಲದ ಮೇಲೆ. ನನಗೆ ಗಣಿತವನ್ನೂ ಧೈರ್ಯವನ್ನೂ ಕಲಿಸಿದ ಆ ಹೆಂಗಸು ಬಾಯಿಗೆ ಸೆರಗು ಒತ್ತಿಕೊಂಡು ಅಳುವುದನ್ನು ನಾನು ಮೊದಲ ಸಲ ನೋಡಿದೆ. ಮಂಜುಳಾಳೇ ನೀರು ತಂದುಕೊಟ್ಟಳು.

ಕತ್ತಲಾಗುವ ಮೊದಲು ಹೊರಟೆವು. ಆಟೋದವನು ಹಿಂತಿರುಗಿ, "ಎಲ್ಲಿಗೆ ಅಮ್ಮಾ?" ಎಂದು ಕೇಳಿದ. ನಾನು ಜಯನಗರ ಎನ್ನಲು ಬಾಯಿ ತೆರೆದೆ. ಅತ್ತೆ ನನ್ನ ಕೈ ಒತ್ತಿ, ನನ್ನ ಮನೆಯ ವಿಳಾಸ ಹೇಳಿದರು.