ಅರವತ್ತು ಡಬ್ಬದ ಗುರಿ

ಅಜ್ಜಂಪುರದಲ್ಲಿ ನನ್ನದೊಂದು ರಾಗಿ ಮಿಲ್ ಇದೆ. ಒಂದೇ ಕೋಣೆ, ಎರಡು ಯಂತ್ರ. ದೊಡ್ಡದು ರಾಗಿ, ಗೋಧಿ, ಅಕ್ಕಿಗೆ. ಮೂಲೆಯಲ್ಲಿರುವ ಚಿಕ್ಕದು ಖಾರದ ಪುಡಿಗೆ. ಎಸ್ಸೆಸ್ಸೆಲ್ಸಿ ಮುಗಿಸಿ ಮನೆಯಲ್ಲಿ ಕೂತಿದ್ದವನಿಗೆ ಅಪ್ಪ ಹಾಕಿಕೊಟ್ಟ ಮಿಲ್ ಅದು. ಮದುವೆಯಾದ ವರ್ಷದಿಂದ ನಾನೂ ನನ್ನ ಹೆಂಡತಿಯೂ ಜೊತೆಯಲ್ಲಿ ನಡೆಸಿದೆವು. ನಾನು ಯಂತ್ರ ನೋಡಿಕೊಂಡರೆ ಅವಳು ಬಂದವರನ್ನು ನೋಡಿಕೊಳ್ಳುತ್ತಿದ್ದಳು. ಬೆಳಿಗ್ಗೆ ಸ್ನಾನ ಮಾಡಿ ವಿಭೂತಿ ಹಚ್ಚಿಕೊಂಡು ಹೋದರೆ ಹತ್ತು ಗಂಟೆಯ ಹೊತ್ತಿಗೆ ವಿಭೂತಿ ಯಾವುದು ಹಿಟ್ಟು ಯಾವುದು ಗೊತ್ತಾಗುತ್ತಿರಲಿಲ್ಲ. ಹಾಗೆ ಚೆನ್ನಾಗಿಯೇ ನಡೆದಿತ್ತು.

ಆ ಮಿಲ್ಲಿನ ಬಾಗಿಲಲ್ಲಿ ನಿಂತು ನಾನು ಒಂದು ಸುಳ್ಳು ಹೇಳಿದೆ. ಅದನ್ನು ಒಪ್ಪಿಕೊಳ್ಳಲು ಇದನ್ನು ಬರೆಯುತ್ತಿದ್ದೇನೆ.

ಅಜ್ಜಂಪುರ ತಾಲ್ಲೂಕು ಆದ ಹೊಸತು. ಊರಿಗೆ ಕಚೇರಿಗಳು ಬರುತ್ತವೆ, ಜನ ಬರುತ್ತಾರೆ, ವ್ಯಾಪಾರ ಏರುತ್ತದೆ ಎಂದು ಎಲ್ಲರ ಬಾಯಲ್ಲೂ ಅದೇ ಮಾತು. ಆಗ ಕಡೂರಿನಲ್ಲಿ ಸಣ್ಣ ವ್ಯಾಪಾರದವರಿಗೆ ಮೂರು ದಿನದ ತರಬೇತಿ ಇಟ್ಟಿದ್ದರು. ಹೋದೆ. ಟೈಲರುಗಳು, ಹಾಲಿನ ಡೇರಿಯವರು, ಒಬ್ಬ ಪಂಕ್ಚರ್ ಅಂಗಡಿಯವನು, ಎಲ್ಲ ಸೇರಿ ಮೂವತ್ತು ಜನ ಇದ್ದೆವು. ಪಾಠ ಹೇಳಿದ್ದು ನನ್ನ ಮಗಳ ವಯಸ್ಸಿನ ಒಬ್ಬ ಮೇಡಂ. "ವ್ಯಾಪಾರ ಚೆನ್ನಾಗಿ ಆಗ್ಲಿ ಅಂದ್ಕೊಳ್ಳೋದು ಆಸೆ. ಗುರಿ ಅಂದ್ರೆ ಅದನ್ನ ಎಣಿಸೋಕೆ ಬರ್ಬೇಕು. ಯಾವತ್ತಿನೊಳಗೆ ಅನ್ನೋದು ಗೊತ್ತಿರ್ಬೇಕು" ಎಂದರು. ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಇಷ್ಟು ವರ್ಷ ಮಿಲ್ ನಡೆಸಿದ್ದೇನೆ, ದಿನಕ್ಕೆ ಎಷ್ಟು ಡಬ್ಬ ಹಾಕುತ್ತೇನೆ ಎಂದು ಯಾರಾದರೂ ಕೇಳಿದ್ದರೆ ಉತ್ತರ ಇರಲಿಲ್ಲ.

ನಮಗೆಲ್ಲ ಒಂದೊಂದು ಹಾಳೆ ಕೊಟ್ಟಿದ್ದರು. ಅದರಲ್ಲಿ ಮೂರು ಪ್ರಶ್ನೆ. ಗುರಿ ಏನು? ಯಾವಾಗಿನೊಳಗೆ? ಇವೆರಡನ್ನೂ ತುಂಬಿದೆ: ದಿನಕ್ಕೆ ಅರವತ್ತು ಡಬ್ಬ, ದೀಪಾವಳಿಯೊಳಗೆ. ಮೂರನೆಯ ಪ್ರಶ್ನೆ ಮೂರನೆಯ ದಿನದ ಮಧ್ಯಾಹ್ನದ ಪಾಠ. ಅಷ್ಟರಲ್ಲಿ ನನಗೆ ಎಲ್ಲ ಬಂತು ಅನ್ನಿಸಿತ್ತು. ಊಟ ಮುಗಿಸಿ, ಕೈ ತೊಳೆದು, ಆ ಪಾಠಕ್ಕೆ ನಿಲ್ಲದೆ ಊರ ಕಡೆಗೆ ಬೀರೂರಿನ ಬಸ್ಸು ಹತ್ತಿದೆ.

ಮಿಲ್ಲಿನ ಗೋಡೆಗೆ ಒಂದು ಕರಿಹಲಗೆ ಹೊಡೆದು, ಮೇಲೆ ದೊಡ್ಡದಾಗಿ ೬೦ ಎಂದು ಬರೆದೆ. ಕೆಳಗೆ ಡಬ್ಬಕ್ಕೊಂದು ಗೀಟು. ಹೆಂಡತಿ ನೋಡಿದಳು.

"ಏನ್ರೀ ಇದು?"

"ಗುರಿ. ದಿನಕ್ಕೆ ಅರವತ್ತು."

"ಈಗೆಷ್ಟಾಯ್ತದೆ?"

"ನಲವತ್ತರ ಹತ್ರ."

"ಇನ್ನಿಪ್ಪತ್ತು ಡಬ್ಬ ಜನ ಎಲ್ಲಿಂದ ತರ್ತಾರೆ, ತಿನ್ನೋ ಬಾಯಿ ಅಷ್ಟೇ ಅಲ್ವಾ?"

"ನಿಂಗೆ ಗೊತ್ತಾಗಲ್ಲ ಸುಮ್ನಿರು. ತರೀಕೆರೆ ಬಸ್ ಸ್ಟ್ಯಾಂಡ್ ಹತ್ರದ ಮಿಲ್ ನೋಡು, ನಿಲ್ಲೋಕೆ ಜಾಗ ಇರಲ್ಲ. ನಾವು ನಿಧಾನ. ಅದಕ್ಕೇ ಜನ ಬೇರೆ ಕಡೆ ಹೋಗ್ತಾರೆ."

ನಮ್ಮಲ್ಲಿ ನಿಧಾನದ ಕೆಲಸ ಒಂದಿತ್ತು, ಅದು ಅವಳದು. ಮಗುವಿನ ರಾಗಿ. ಕೂಸಿಗೆ ಆರು ತಿಂಗಳು ತುಂಬುತ್ತಿದ್ದಂತೆ ರಾಗಿ ಸರಿಯ ಗಂಜಿ ತಿನ್ನಿಸಲು ಮನೆಯವರು ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ನೆರಳಲ್ಲಿ ಒಣಗಿಸಿ, ಹದವಾಗಿ ಹುರಿದು ತರುತ್ತಾರೆ. ಎರಡು ಸೇರೂ ಇರುವುದಿಲ್ಲ. ಅದನ್ನು ಬೆಳಿಗ್ಗೆ ಮೊದಲು, ಬೇರೆ ಯಾವ ಕಾಳೂ ಬೀಳುವ ಮುಂಚೆ ಹಾಕಬೇಕು ಎನ್ನುವುದು ನಮ್ಮ ಮಿಲ್ಲಿನ ಪದ್ಧತಿ. ಹೆಂಡತಿ ಕಲ್ಲಿನ ಸುತ್ತ ಬ್ರಷ್ಷಿನಲ್ಲಿ ಗುಡಿಸಿ, ಅದೇ ರಾಗಿಯಲ್ಲಿ ಒಂದು ಹಿಡಿ ಹಾಕಿ ಹೊರಗೆ ತೆಗೆದು, ಆಮೇಲೆ ಉಳಿದದ್ದನ್ನು ಬಿಡುತ್ತಿದ್ದಳು. ಬಿಸಿ ಹಿಟ್ಟು ಆರುವವರೆಗೂ ಡಬ್ಬದ ಮುಚ್ಚಳ ಹಾಕುತ್ತಿರಲಿಲ್ಲ. ಕೊನೆಗೆ ಒಂದು ಚಿಟಿಕೆ ಮುಂದಿನ ಹಲ್ಲಿನಲ್ಲಿ ಕಚ್ಚಿ ನೋಡುವಳು. ಕರಕರ ಅನ್ನಬಾರದು. ಇಷ್ಟಕ್ಕೆ ಅರ್ಧ ಗಂಟೆ. ಅಷ್ಟರಲ್ಲಿ ನಾನು ಆರು ಡಬ್ಬ ಹಾಕಬಹುದು. ಆದರೆ ಬುಕ್ಕಾಂಬುಧಿಯಿಂದ, ಅದರಾಚೆಯಿಂದಲೂ ಬಸ್ಸು ಹತ್ತಿಕೊಂಡು ಜನ ಬರುತ್ತಿದ್ದದ್ದು ಅವಳ ಆ ಅರ್ಧ ಗಂಟೆಗೆ. ಅದು ಆಗ ನನಗೆ ಕಾಣಲಿಲ್ಲ. ಹಲಗೆಯ ಮೇಲೆ ಮಗುವಿನ ರಾಗಿಗೂ ಒಂದೇ ಗೀಟು, ಹತ್ತು ಸೇರಿಗೂ ಒಂದೇ ಗೀಟು.

ಮೊದಮೊದಲು ಐವತ್ತಕ್ಕೆ ಬಂತು. ನಡುವೆ ಒಂದೆರಡು ದಿನ ಸುಳ್ಳು ಗೀಟು ಎಳೆದದ್ದೂ ಉಂಟು. ದೊಡ್ಡ ಡಬ್ಬ ಬಂದರೆ ಎರಡೆಂದು ಎಣಿಸಿದೆ. ಯಾರಿಗೆ ಮೋಸ ಮಾಡುತ್ತಿದ್ದೇನೆ ಎಂದು ಕೇಳಿಕೊಳ್ಳಲಿಲ್ಲ.

ದೀಪಾವಳಿಗೆ ವಾರವಿತ್ತು. ಕಲ್ಲು ಸವೆದು ಹಿಟ್ಟು ದಪ್ಪ ಬರುತ್ತಿತ್ತು. ಹೀಗಾದಾಗ ಕಲ್ಲು ಬಿಚ್ಚಿ, ಉಳಿ ಸುತ್ತಿಗೆಯಲ್ಲಿ ಹೊಸದಾಗಿ ಗೀರು ಕೊರೆಯಬೇಕು. ಕೊರೆದ ಮೇಲೆ ಕಲ್ಲಿನ ಪುಡಿ ಉಳಿದಿರುತ್ತದೆ. ಅದಕ್ಕೇ ಎರಡು ಮೂರು ಸೇರು ನುಚ್ಚು ಹಾಕಿ ತಿರುಗಿಸಿ, ಬಂದ ಹಿಟ್ಟನ್ನು ತಿಪ್ಪೆಗೆ ಚೆಲ್ಲಬೇಕು. ಇದು ಯಾವ ಮಿಲ್ಲಿನವನಿಗೂ ಗೊತ್ತಿರುವ ಮಾತು. ಅವತ್ತು ಸಂತೆ. ಹೆಂಡತಿ ಹಬ್ಬಕ್ಕೆ ಮನೆ ತೊಳೆಯುತ್ತೇನೆಂದು ಬಂದಿರಲಿಲ್ಲ. ಕಲ್ಲು ಕೊರೆದು ಕೂರಿಸುವಷ್ಟರಲ್ಲಿ ಒಂಬತ್ತಾಗಿತ್ತು, ಬಾಗಿಲಾಚೆ ಹದಿನೈದು ಡಬ್ಬ ಸಾಲಾಗಿ ನಿಂತಿತ್ತು. ಸಾಲಿನ ತಲೆಯಲ್ಲಿ ಬುಕ್ಕಾಂಬುಧಿಯ ಒಬ್ಬ ಅಜ್ಜಿಯ ಸಣ್ಣ ಡಬ್ಬ, ಮೊಮ್ಮಗಳ ರಾಗಿ. ಆಕೆ ಡಬ್ಬ ಇಟ್ಟು ಸಂತೆಗೆ ಹೋಗಿದ್ದರು. ನುಚ್ಚು ಹಾಕಿ ಚೆಲ್ಲುವ ಹೊತ್ತಿನಲ್ಲಿ ಎರಡು ಡಬ್ಬ ಆಗುತ್ತದೆ ಎಂದು ಲೆಕ್ಕ ಹಾಕಿದೆ. ಅಜ್ಜಿಯ ರಾಗಿಯನ್ನು ನೇರವಾಗಿ ಸುರಿದೆ. ಬಿಸಿಬಿಸಿ ಹಿಟ್ಟಿಗೆ ಮುಚ್ಚಳ ಒತ್ತಿ ಪಕ್ಕಕ್ಕಿಟ್ಟೆ. ಅವತ್ತು ಅರವತ್ತೆರಡು ಗೀಟು ಬಿತ್ತು. ಮನೆಗೆ ಮೈಸೂರುಪಾಕು ತೆಗೆದುಕೊಂಡು ಹೋದೆ.

ಮೂರನೆಯ ದಿನ ಅಜ್ಜಿ ಬಂದರು. ಮಿಲ್ ತುಂಬ ಜನ. ಹೆಂಡತಿಯೂ ಒಳಗಿದ್ದಳು, ತಲೆಗೆ ಬಟ್ಟೆ ಕಟ್ಟಿಕೊಂಡು ಚೀಲದ ಬಾಯಿ ಬಿಗಿಯುತ್ತಿದ್ದಳು. ಅಜ್ಜಿ ಡಬ್ಬವನ್ನು ಮೇಜಿನ ಮೇಲೆ ಕುಕ್ಕಿದರು.

"ಏನಪ್ಪಾ, ಇದು ಕೂಸಿಗೆ ತಿನ್ಸೋ ಹಿಟ್ಟಾ, ಗೋಡೆಗೆ ಬಳಿಯೋ ಗಾರೆಯಾ? ನಾನು ಮೊದ್ಲು ಬಾಯಿಗೆ ಹಾಕ್ಕೊಂಡು ನೋಡ್ದೆ, ಕೂಸು ಬದುಕ್ತು. ಕಚ್ಚಿ ನೋಡು, ನಿನ್ನ ಬಾಯಲ್ಲೇ ಮಿಲ್ ಓಡ್ತದೆ."

ಜನ ನಕ್ಕರು. ಹಿಂದಿನಿಂದ ಯಾರೋ, "ಅರವತ್ತು ಡಬ್ಬದ ಸಾಹುಕಾರ, ಕಲ್ಲೂ ಸೇರಿಸೇ ತೂಗ್ತಾನೆ ಕಣ್ರಪ್ಪ" ಎಂದ. ಬಾಯಿಂದ ಬಂದೇಬಿಟ್ಟಿತು.

"ಅವತ್ತು ಹಾಕಿದ್ದು ಮನೆಯವಳು ಅಕ್ಕಾ. ಕಲ್ಲು ಕೊರ್ದಿದೀನಿ, ನುಚ್ಚು ಹಾಕಿ ಚೆಲ್ಲು ಅಂತ ಹೇಳಿದ್ದೆ. ಮರ್ತುಬಿಟ್ಲು."

ಹೆಂಡತಿ ಕೈಯಲ್ಲಿದ್ದ ಹುರಿಯನ್ನು ಹಾಗೇ ಹಿಡಿದು ತಲೆ ಎತ್ತಿದಳು. ನಾನು ಯಂತ್ರದ ಬೆಲ್ಟಿನ ಕಡೆ ತಿರುಗಿಕೊಂಡೆ. ಅವಳು ಚೀಲದ ಗಂಟು ಮುಗಿಸಿದಳು. ತಲೆಯ ಬಟ್ಟೆ ಬಿಚ್ಚಿ ಬಾಗಿಲ ಪಕ್ಕದ ಮೊಳೆಗೆ ತೂಗುಹಾಕಿದಳು. ಮನೆಗೆ ಹೋದಳು.

ಆಮೇಲೆ ಅವಳು ಮಿಲ್ಲಿಗೆ ಕಾಲಿಡಲಿಲ್ಲ. ಮನೆಯಲ್ಲಿ ಜಗಳವಿಲ್ಲ. ಊಟ, ಕಾಫಿ, ಮಾತು ಎಲ್ಲ ಎಂದಿನಂತೆ. ಒಂದೇ ವ್ಯತ್ಯಾಸ, ನಮ್ಮ ಮನೆಯ ರಾಗಿ ನಮ್ಮ ಮಿಲ್ಲಿಗೆ ಬರುವುದು ನಿಂತಿತು. ತರೀಕೆರೆಯಲ್ಲಿ ಮಗಳನ್ನು ಕೊಟ್ಟಿದ್ದೇವೆ. ಅಲ್ಲಿಗೆ ಹೋಗುವಾಗ ಡಬ್ಬ ಹಿಡಿದುಕೊಂಡು ಹೋಗಿ, ಆ ಬಸ್ ಸ್ಟ್ಯಾಂಡ್ ಹತ್ತಿರದ ಮಿಲ್ಲಿನಲ್ಲೇ ಹಾಕಿಸಿಕೊಂಡು ಬರುತ್ತಿದ್ದಳು. "ಏನಮ್ಮಾ, ಮನೇಲೇ ಮಿಲ್ ಇಟ್ಕೊಂಡು ಡಬ್ಬಕ್ಕೂ ಟಿಕೆಟ್ ತಗಸ್ತೀರಲ್ಲ" ಎಂದು ಕಂಡಕ್ಟರ್ ತಮಾಷೆ ಮಾಡಿದನಂತೆ. ಅದನ್ನು ಅವಳೇ ನಗುತ್ತಾ ನನಗೆ ಹೇಳಿದಳು. ಆ ರಾಗಿಯ ಮುದ್ದೆಯನ್ನು ದಿನಾ ನನಗೇ ಬಡಿಸಿದಳು. ನುಂಗಿದೆ. ಒಂದು ಮಾತು, "ಅವತ್ತು ತಪ್ಪು ನಂದು" ಎಂದು ಹೇಳಿದ್ದರೆ ಮುಗಿಯುತ್ತಿತ್ತೇನೋ. ನಾಳೆ ಹೇಳೋಣ ಎನ್ನುತ್ತಾ ಐದು ವರ್ಷ ತಳ್ಳಿದೆ.

ಮಗುವಿನ ರಾಗಿ ತರುವವರು ಒಬ್ಬೊಬ್ಬರಾಗಿ ನಿಂತರು. ಅವರ ಹಿಂದೆಯೇ ಆ ಮನೆಗಳ ದೊಡ್ಡ ಡಬ್ಬಗಳೂ ಹೋದವು. ಹಲಗೆಯ ಗೀಟು ಮೂವತ್ತಕ್ಕೆ ಇಳಿದಾಗ ಎಣಿಸುವುದನ್ನು ಬಿಟ್ಟೆ. ಮೇಲಿನ ೬೦ ಮಾತ್ರ ಹಾಗೇ ಇತ್ತು.

ಹೋದ ವರ್ಷ ಮಿಲ್ಲಿನ ಲೈಸೆನ್ಸಿನ ಕಾಗದ ಹುಡುಕುವಾಗ ಟ್ರಂಕಿನಲ್ಲಿ ಕಡೂರಿನ ಆ ಹಾಳೆ ಸಿಕ್ಕಿತು. ಮೂರನೆಯ ಪ್ರಶ್ನೆ ಹೀಗಿತ್ತು: ಗುರಿ ಮುಟ್ಟುವ ಭರದಲ್ಲಿ ಯಾವುದನ್ನು ಕೈಬಿಡಬಾರದು? ನಿಮ್ಮ ಜೊತೆ ಕೆಲಸ ಮಾಡುವವರನ್ನು ಕೇಳಿ ಬರೆಯಿರಿ. ಕೆಳಗಿನ ಎರಡು ಸಾಲು ಖಾಲಿ. ಕೇಳಬೇಕಾದವಳು ಹಿತ್ತಿಲಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ಎದ್ದು ಹೋಗಿ ಕೇಳಲು ಮುಖವಿರಲಿಲ್ಲ.

ಮಾರನೆಯ ಬೆಳಿಗ್ಗೆ ಬುಕ್ಕಾಂಬುಧಿಯ ಬಸ್ಸು ಹತ್ತಿದೆ. ಹೊರಗಿನವರಿಗೆ ಹೇಳುವುದು ಸುಲಭ ಅನ್ನಿಸಿತ್ತು, ಅದೂ ನನ್ನ ಹೇಡಿತನವೇ. ಅಜ್ಜಿ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ನಿಂತೇ ಹೇಳಿದೆ.

"ಅಕ್ಕಾ, ಅವತ್ತು ನಿಮ್ಮ ಮೊಮ್ಮಗಳ ರಾಗಿ ಹಾಕಿದ್ದು ನಾನು. ನನ್ನ ಹೆಂಡ್ತಿ ಮಿಲ್ಲಲ್ಲಿ ಇರಲೇ ಇಲ್ಲ."

"ಗೊತ್ತು" ಎಂದರು, ಕೈ ನಿಲ್ಲಿಸದೆ.

"ಹೆಂಗೆ ಗೊತ್ತಾಯ್ತು?"

"ಮುಚ್ಚಳ ತೆಗ್ದಾಗ ಒಳಗೆ ಬೆವ್ತಿತ್ತು ಕಣಪ್ಪಾ. ನಿನ್ನ ಹೆಂಡ್ತಿ ಬಿಸಿ ಹಿಟ್ಟಿಗೆ ಯಾವತ್ತಾದ್ರೂ ಮುಚ್ಚಳ ಹಾಕಿದ್ಲಾ?"

"ಮತ್ತೆ ಅವತ್ತೇ ಯಾಕೆ ಹೇಳ್ಲಿಲ್ಲ?"

"ಗಂಡ ಹೆಂಡ್ತಿ ಮಧ್ಯ ನಾನ್ಯಾಕೆ ಬರ್ಲಿ? ನೀನೇ ಹೇಳ್ತೀಯ ಅಂತ ಕಾದೆ. ಏನೋ, ಬಸ್ಸು ಸ್ವಲ್ಪ ತಡವಾಗಿ ಬಂತು." ನಕ್ಕರು. ಆಮೇಲೆ ಮುಖ ಗಂಟಿಕ್ಕಿ, "ನನ್ನ ಮುಂದೆ ಹೇಳಿ ಏನಾಗ್ಬೇಕು? ಸುಳ್ಳು ಹೇಳಿದ್ದು ಹತ್ತು ಜನದ ಮುಂದೆ. ಅಲ್ಲೇ ಹೋಗಿ ಹೇಳು. ಬಂದಿದೀಯ, ಕಾಫಿ ಕುಡ್ಕೊಂಡು ಹೋಗು" ಎಂದರು.

ಮುಂದಿನ ಸಂತೆಯ ದಿನ ಮಿಲ್ಲಿನ ಮುಂದೆ ಹತ್ತು ಹನ್ನೆರಡು ಜನ ಸೇರಿದಾಗ ಮೋಟಾರ್ ನಿಲ್ಲಿಸಿದೆ. ಕರೆಂಟ್ ಹೋಯ್ತೇನೋ ಎಂದು ಎಲ್ಲರೂ ಬಲ್ಬು ನೋಡಿದರು. ಕೈ ಒರೆಸಿಕೊಂಡು ಹೇಳಿದೆ: ಐದು ವರ್ಷದ ಹಿಂದೆ ಒಂದು ಕೂಸಿನ ಹಿಟ್ಟಿನಲ್ಲಿ ಕಲ್ಲು ಬಂದಿತ್ತು, ನನ್ನ ಹೆಂಡತಿಯ ತಪ್ಪು ಎಂದಿದ್ದೆ, ಅದು ಸುಳ್ಳು, ಹಾಕಿದ್ದು ನಾನು, ಗೀಟಿನ ಆಸೆಗೆ. ಕೆಲವರಿಗೆ ಅಂಥದ್ದೊಂದು ನಡೆದದ್ದೇ ಗೊತ್ತಿರಲಿಲ್ಲ. ಒಬ್ಬಾಕೆ, "ಅಯ್ಯೋ, ಅದಕ್ಕೇನಾ ನಿಮ್ಮೆಂಡ್ತಿ ತರೀಕೆರೆಗೆ ಡಬ್ಬ ಹೊತ್ತಿದ್ದು? ನಾವು ನಿಮ್ಮ ಮಿಲ್ಲೇ ಸರಿಯಿಲ್ಲ ಅಂದ್ಕೊಂಡಿದ್ವಿ" ಎಂದರು. ಇನ್ನೊಬ್ಬ, "ಸರಿ ಸಾಹುಕಾರ್ರೇ, ಪಾಪ ಕಳೀತು, ಮೋಟಾರ್ ಹಾಕಿ. ಬಸ್ಸು ಹೋಗ್ತದೆ" ಎಂದ.

ಮಾತು ಮನೆಗೆ ನನಗಿಂತ ಮೊದಲೇ ಹೋಗಿತ್ತು. ಹೆಂಡತಿ ಅವತ್ತೂ ತರೀಕೆರೆಯ ರಾಗಿಯ ಮುದ್ದೆಯನ್ನೇ ಬಡಿಸಿದಳು. ಮಾರನೆಯ ದಿನವೂ ಅದೇ. ಎಂಟು ದಿನ ಹಾಗೇ ಹೋಯಿತು.

ಒಂಬತ್ತನೆಯ ದಿನ ಸಾಲಿನಿಂದ ಡಬ್ಬ ಎಳೆದುಕೊಳ್ಳುತ್ತಿದ್ದೆ. ಐದನೆಯದಕ್ಕೆ ಕೈ ಹಾಕಿದಾಗ ಹಿಡಿಕೆ ಗುರುತು ಸಿಕ್ಕಿತು. ನಮ್ಮ ಮನೆಯ ಡಬ್ಬ. ಅವಳು ಬಾಗಿಲಾಚೆ, ಬೇರೆ ಹೆಂಗಸರ ನಡುವೆ, ತನ್ನ ಸರದಿಗೆ ನಿಂತಿದ್ದಳು. ರಾಗಿ ಹಾಕಿದೆ. ಹಿಟ್ಟು ಬಂದಮೇಲೆ ಮುಚ್ಚಳ ಹಾಕದೆ ಬದಿಗಿಟ್ಟೆ. ಆರುವವರೆಗೂ ಅವಳು ಕಾದಳು, ನಾನೂ ಕಾದೆ, ಮಿಕ್ಕವರೂ ಕಾದರು. ಆಮೇಲೆ ಒಂದು ಚಿಟಿಕೆ ತೆಗೆದು ಮುಂದಿನ ಹಲ್ಲಿನಲ್ಲಿ ಕಚ್ಚಿದಳು.

"ಕಲ್ಲಿಲ್ಲ" ಎಂದಳು, ಎಲ್ಲರಿಗೂ ಕೇಳುವ ಹಾಗೆ. ಗೋಡೆಯ ಮೇಲಿನ ೬೦ ನೋಡಿದಳು. "ಅದನ್ನ ಇನ್ನೂ ಇಟ್ಕೊಂಡಿದೀರಾ? ಅಳ್ಸಿ ಮೊದ್ಲು."

ಮೊಳೆಯ ಮೇಲಿದ್ದ ಬಟ್ಟೆಯನ್ನು ತೆಗೆದು ಕೊಡವಿದಳು. ಐದು ವರ್ಷದ ಹಿಟ್ಟು ಕೋಣೆ ತುಂಬ ಹಾರಿತು. ಎಲ್ಲರೂ ಕೆಮ್ಮಿದೆವು.

ಸಾಲು ಕರಗಿದ ಮೇಲೆ ಕಡೂರಿನ ಆ ಹಾಳೆಯನ್ನು ಅವಳ ಮುಂದಿಟ್ಟೆ. ಮೂರನೆಯ ಪ್ರಶ್ನೆ ಓದಿಕೊಂಡಳು. ಅದಕ್ಕೆ ಉತ್ತರ ಹೇಳದೆ, ಮಗುವಿನ ರಾಗಿ ನಿಲ್ಲಿಸಿದ ಮನೆಗಳು ಯಾವುವು ಎಂದು ಕೇಳಿದಳು. ಅಜ್ಜಿಯ ಮನೆ ಬಿಟ್ಟರೆ ನನಗೆ ಇನ್ನೊಂದು ನೆನಪಿಗೆ ಬರಲಿಲ್ಲ. ಅವಳು ಬೆರಳು ಮಡಿಸುತ್ತಾ ಹನ್ನೊಂದು ಮನೆ ಹೇಳಿದಳು, ಅವುಗಳಲ್ಲಿ ಈಗ ಎಳೆಗೂಸು ಇರುವ ಮೂರನ್ನು ಬೇರೆ ಮಾಡಿದಳು. "ಯುಗಾದಿಯೊಳಗೆ ಈ ಮೂರು ಮನೆ ವಾಪಸ್ ಬರ್ಬೇಕು. ಅಷ್ಟೇ ಬರೀರಿ." ಬರೆದೆ. ಎಣಿಸಲು ಬರುವಂಥದ್ದು, ಯಾವತ್ತಿನೊಳಗೆ ಎನ್ನುವುದೂ ಇರುವಂಥದ್ದು. ಕಡೂರಿನ ಮೇಡಂ ಒಪ್ಪುತ್ತಿದ್ದರು.

ಯುಗಾದಿಗೆ ಎರಡು ಬಂದವು. ಒಂದು ಬುಕ್ಕಾಂಬುಧಿಯದು, ಅಜ್ಜಿಯ ಎರಡನೆಯ ಮೊಮ್ಮಗುವಿಗೆ. ಮೂರನೆಯ ಮನೆಯವರು ಬೀರೂರಿನ ಮಿಲ್ಲಿಗೇ ಒಗ್ಗಿಕೊಂಡಿದ್ದರು, ಅವಳು ತಾನೇ ಹೋಗಿ ಕರೆದರೂ ಬರಲಿಲ್ಲ. ಹಬ್ಬದ ಮಾರನೆಯ ಬೆಳಿಗ್ಗೆ ಸೀಮೆಸುಣ್ಣ ಹಿಡಿದು, ೬೦ ಅಳಿಸಿದ ಹಲಗೆಯ ಮುಂದೆ ನಿಂತೆ. ಹಳೆಯ ಚಟ, ಕೈ ಒಂದು ಗೀಟು ಹೆಚ್ಚಿಗೆ ಎಳೆಯಲು ಹೋಯಿತು. ಹಿಂದೆ ಅವಳು ಕಲ್ಲಿನ ಸುತ್ತ ಗುಡಿಸುವ ಸದ್ದು ಕೇಳುತ್ತಿತ್ತು. ಮೂರರಲ್ಲಿ ಎರಡು ಎಂದು, ಬಾಗಿಲಿಂದ ಓದಲು ಬರುವಷ್ಟು ದೊಡ್ಡದಾಗಿ ಬರೆದೆ.